ಕಂಟೇನರ್ ಇಲ್ಲದವರ ರಫ್ತು

ಚಾಮರಾಜನಗರ ಜಿಲ್ಲೆಗೆ ರಫ್ತು ಹೊಸದಲ್ಲ. ಇಲ್ಲಿನ ಕರಿಕಲ್ಲು ದಶಕಗಳಿಂದ ಹಡಗೇರಿ ಹೋಗಿ ಹೊರದೇಶಗಳಲ್ಲಿ ಸಮಾಧಿಕಲ್ಲಾಗಿ ನಿಂತಿದೆ. ಗುಂಡ್ಲುಪೇಟೆಯ ಹೊಲಗಳ ಚೆಂಡುಹೂವಿನಲ್ಲಿ ಒಂದು ಪಾಲು ಓಣಂ ಹೊತ್ತಿಗೆ ಕೇರಳ ಸೇರುತ್ತದೆ. ಒಪ್ಪಂದದ ಬೇಸಾಯದಲ್ಲಿ ಬೆಳೆದ ಹೂವು ಕಾರ್ಖಾನೆಗೆ ಹೋಗಿ, ಅದರಿಂದ ತೆಗೆದ ಸಾರ ಮೊಟ್ಟೆಯ ಹಳದಿಗೆ ಬಣ್ಣ ಕೊಡುವ ಕೋಳಿ ಆಹಾರಕ್ಕೂ ಕಣ್ಣಿನ ಮಾತ್ರೆಗಳಿಗೂ ಬೇಕಾದ ಲ್ಯೂಟಿನ್ ಆಗಿ ಕಡಲು ದಾಟುತ್ತದೆ. ಆದರೆ ಇವೆರಡೂ ಟನ್ ಲೆಕ್ಕದ ವ್ಯಾಪಾರ. ಕಂಟೇನರ್ ತುಂಬಿಸುವವನಿಗೆ ಬಂದರಿನಲ್ಲಿ ಕಸ್ಟಮ್ಸ್ ಏಜೆಂಟ್ ಇರುತ್ತಾನೆ, ಬ್ಯಾಂಕಿನಲ್ಲಿ ಪರಿಚಯ ಇರುತ್ತದೆ, ಕಾಗದಪತ್ರ ನೋಡಿಕೊಳ್ಳಲು ಗುಮಾಸ್ತ ಇರುತ್ತಾನೆ. ಕೊಳ್ಳೇಗಾಲದ ಒಂದು ರೇಷ್ಮೆ ಸೀರೆಯನ್ನೋ ಮಲೆ ಮಹದೇಶ್ವರ ಬೆಟ್ಟದ ಒಂದು ಲಂಟಾನ ಬುಟ್ಟಿಯನ್ನೋ ಮೆಲ್ಬರ್ನಿನ ಗಿರಾಕಿಗೆ ಕಳುಹಿಸಬೇಕೆನ್ನುವವನಿಗೆ ಇದಾವುದೂ ಇಲ್ಲ. ಅವನನ್ನು ಇಷ್ಟು ಕಾಲ ತಡೆದದ್ದು ದೂರವಲ್ಲ, ಕಾಗದ. ಆನ್‌ಲೈನ್ ಮಾರಾಟಗಾರರಿಗಾಗಿ ಹುಟ್ಟಿದ ಅಂತರರಾಷ್ಟ್ರೀಯ ಸಾಗಣೆ ಯೋಜನೆಗಳ ಚರಿತ್ರೆಯನ್ನು ಆ ಕಾಗದದ ಹೊರೆ ಯಾರ ಹೆಗಲಿಂದ ಯಾರ ಹೆಗಲಿಗೆ ಸರಿಯಿತು ಎಂಬ ದೃಷ್ಟಿಯಿಂದ ಓದಿದರೆ ಮಾತ್ರ ಅವುಗಳ ನಿಜವಾದ ಬೆಲೆ ತಿಳಿಯುತ್ತದೆ.

ದಾರಿಯನ್ನು ಮೊದಲು ತೆರೆದದ್ದು ಅಂಚೆ. 1874ರಲ್ಲಿ ಬರ್ನ್ ನಗರದಲ್ಲಿ ಸ್ಥಾಪನೆಯಾದ ಅಂಚೆ ಒಕ್ಕೂಟದ ಮೂಲ ಆಲೋಚನೆ ಸರಳವೂ ದೊಡ್ಡದೂ ಆಗಿತ್ತು: ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶ. ಭಾರತ 1876ರಲ್ಲಿ ಅದಕ್ಕೆ ಸೇರಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದಿದ್ದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾದಾಗ ಗುಂಡ್ಲುಪೇಟೆ, ಚಾಮರಾಜನಗರಗಳೂ ಆ ಜಾಲದೊಳಗೆ ಬಂದವು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ಕೊಳ್ಳೇಗಾಲ ಮೊದಲೇ ಅದರಲ್ಲಿತ್ತು. ಹೀಗೆ ಪತ್ರಕ್ಕೆ ಗಡಿ ಇಲ್ಲವಾಯಿತು, ಸರಕಿಗೆ ಮಾತ್ರ ಉಳಿಯಿತು. ಹೊರದೇಶದಲ್ಲಿರುವ ಮಗಳಿಗೆ ಕಳುಹಿಸುವ ಉಡುಗೊರೆಯ ಮೇಲೆ ಸಣ್ಣ ಹಸಿರು ಘೋಷಣಾ ಚೀಟಿ ಅಂಟಿಸಿದರೆ ಸಾಕಿತ್ತು. ಅದೇ ವಸ್ತುವನ್ನು ಮಾರಿ ಕಳುಹಿಸಿದರೆ ರಫ್ತುದಾರನ ಸಂಕೇತ ಸಂಖ್ಯೆ, ಬ್ಯಾಂಕ್ ಪತ್ರ, ಕಸ್ಟಮ್ಸ್ ಅಧಿಕಾರಿ ಕೂರುವ ವಿದೇಶಿ ಅಂಚೆ ಕಚೇರಿ, ಇಷ್ಟೂ ಬೇಕಿತ್ತು. ಅಂಥ ಕಚೇರಿಗಳಿದ್ದದ್ದು ದೊಡ್ಡ ನಗರಗಳಲ್ಲಿ. ಎರಡು ಸಾವಿರ ರೂಪಾಯಿಯ ಸರಕಿಗಾಗಿ ಒಂದು ದಿನದ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಬರುವ ಲೆಕ್ಕ ಯಾರಿಗೂ ಗಿಟ್ಟುತ್ತಿರಲಿಲ್ಲ.

ಈ ಗಂಟನ್ನು ಬಿಡಿಸುವ ಒಂದು ಉಪಾಯವನ್ನು ಕಂಡುಕೊಂಡದ್ದು ಆನ್‌ಲೈನ್ ಮಾರುಕಟ್ಟೆಗಳು. ಇಬೇ 2012ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಜಾಗತಿಕ ಸಾಗಣೆ ಯೋಜನೆಯಲ್ಲಿ ಮಾರಾಟಗಾರ ತನ್ನ ಪೊಟ್ಟಣವನ್ನು ಕೆಂಟುಕಿ ರಾಜ್ಯದ ಒಂದು ಕೇಂದ್ರಕ್ಕೆ ಮುಟ್ಟಿಸಿದರೆ ಮುಗಿಯಿತು. ಅಲ್ಲಿಂದಾಚೆಗಿನ ಸುಂಕದ ಲೆಕ್ಕ, ಘೋಷಣೆ, ವಿಮಾನ, ಗಿರಾಕಿಯ ಬಾಗಿಲು ಎಲ್ಲವೂ ಪಿಟ್ನಿ ಬೋವ್ಸ್ ಕಂಪನಿಯ ಹೊಣೆಯಾಗಿತ್ತು. ಕೊಳ್ಳುವವನಿಗೆ ಸುಂಕ ಸೇರಿದ ಮೊತ್ತ ಹಣ ಕಟ್ಟುವಾಗಲೇ ಕಾಣುತ್ತಿತ್ತು. ಅಂದರೆ ಮಾರುವವನ ಪಾಲಿಗೆ ವಿದೇಶ ವ್ಯಾಪಾರ ದೇಶದೊಳಗಿನ ಪಾರ್ಸೆಲ್ ಆಗಿಬಿಟ್ಟಿತು. ಅಮೆಜಾನ್ 2015ರಲ್ಲಿ ಭಾರತದ ಮಾರಾಟಗಾರರಿಗೆ ಗ್ಲೋಬಲ್ ಸೆಲ್ಲಿಂಗ್ ತೆರೆಯಿತು. 2016ರಲ್ಲಿ ಅಮೆರಿಕ ಸುಂಕವಿಲ್ಲದೆ ಒಳಬಿಡುವ ಪೊಟ್ಟಣದ ಮಿತಿಯನ್ನು 200 ಡಾಲರ್‌ನಿಂದ 800 ಡಾಲರ್‌ಗೆ ಏರಿಸಿತು. ಸಣ್ಣವರ ರಫ್ತಿಗೆ ಅಷ್ಟು ಅನುಕೂಲದ ಕಾಲ ಹಿಂದೆ ಬಂದಿರಲಿಲ್ಲ. ಆದರೆ ಈ ಅನುಕೂಲಕ್ಕೆ ಬೆಲೆಯೂ ಇತ್ತು. ಕಮಿಷನ್ ಒಂದು ಕಡೆ. ಅದಕ್ಕಿಂತ ಭಾರದ್ದು ಅವಲಂಬನೆ: ವೇದಿಕೆ ಖಾತೆ ಮುಚ್ಚಿದರೆ ಗಿರಾಕಿಯೂ ಹೋದ, ದಾರಿಯೂ ಹೋಯಿತು.

ಆದ್ದರಿಂದಲೇ ಸಾರ್ವಜನಿಕ ಅಂಚೆಯ ಮೂಲಕ ಇದೇ ಕೆಲಸ ಆಗಬೇಕಿತ್ತು. ಭಾರತದಲ್ಲಿ ಅದು ನಿಧಾನವಾಗಿಯೇ ಆಯಿತು. 2015ರ ವಿದೇಶ ವ್ಯಾಪಾರ ನೀತಿ ಇ-ವಾಣಿಜ್ಯದ ಮೂಲಕ ಹೋಗುವ ಕರಕುಶಲ ವಸ್ತು, ಕೈಮಗ್ಗ ಬಟ್ಟೆ, ಪುಸ್ತಕ, ಆಟಿಕೆಗಳಿಗೆ ಮೊದಲ ಬಾರಿಗೆ ಪ್ರೋತ್ಸಾಹಧನ ಕೊಟ್ಟಿತು, ಅದೂ ಪ್ರತಿ ಪೊಟ್ಟಣಕ್ಕೆ 25,000 ರೂಪಾಯಿಯ ಮಿತಿಯೊಳಗೆ. 2018ರಲ್ಲಿ ಅಂಚೆ ರಫ್ತಿಗೇ ಪ್ರತ್ಯೇಕ ನಿಯಮಗಳು ಬಂದವು. ಅದೇ ವರ್ಷ ಅಮೆರಿಕ ಮಾದಕವಸ್ತು ತಡೆಯಲು ಮಾಡಿದ ಕಾನೂನು, ವಿದೇಶದಿಂದ ಬರುವ ಅಂಚೆ ಪೊಟ್ಟಣಗಳ ವಿವರ ಕಂಪ್ಯೂಟರ್ ಮೂಲಕ ಮೊದಲೇ ತಲುಪಬೇಕೆಂದು ವಿಧಿಸಿತು. ಕೈಬರಹದ ಹಸಿರು ಚೀಟಿಯ ಕಾಲ ಅಲ್ಲಿಗೆ ಮುಗಿಯಿತು. ಈ ಒತ್ತಡವೂ ಸೇರಿ 2022ರ ಡಿಸೆಂಬರ್‌ನಲ್ಲಿ ವಿದ್ಯುನ್ಮಾನ ಅಂಚೆ ರಫ್ತು ನಿಯಮಗಳು ಪ್ರಕಟವಾದವು, ‘ಡಾಕ್ ಘರ್ ನಿರ್ಯಾತ್ ಕೇಂದ್ರ’ ಎಂಬ ಅಂಚೆ ರಫ್ತು ಕೇಂದ್ರಗಳು ಶುರುವಾದವು. ಈಗ ದೇಶದಲ್ಲಿ ಇಂಥ ಕೇಂದ್ರಗಳು ಸಾವಿರಕ್ಕೂ ಹೆಚ್ಚು. ಮಾರಾಟಗಾರ ಮನೆಯಲ್ಲೇ ಕುಳಿತು ರಫ್ತು ಬಿಲ್ ತುಂಬಿ, ಲೇಬಲ್ ಮುದ್ರಿಸಿಕೊಂಡು ಕೇಂದ್ರದಲ್ಲಿ ಪೊಟ್ಟಣ ಕೊಟ್ಟು ಬರಬಹುದು. ಕಸ್ಟಮ್ಸ್ ಅಧಿಕಾರಿ ದೂರದ ವಿದೇಶಿ ಅಂಚೆ ಕಚೇರಿಯಲ್ಲಿ ಕಡತವನ್ನು ಪರದೆಯ ಮೇಲೆ ನೋಡುತ್ತಾನೆ, ಮಾರಾಟಗಾರ ಎದುರಿಗೆ ನಿಲ್ಲಬೇಕಿಲ್ಲ. ಕಾಗದ ಇಲ್ಲವಾಗಲಿಲ್ಲ. ಪ್ಯಾನ್ ಆಧಾರಿತ ರಫ್ತು ಸಂಕೇತ, ಜಿಎಸ್‌ಟಿ, ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆ, ಸರಕಿನ ವರ್ಗ ತೋರಿಸುವ ಎಚ್‌ಎಸ್ ಸಂಕೇತ ಈಗಲೂ ಬೇಕು. ಆದರೆ ಅದಕ್ಕಾಗಿ ಊರು ಬಿಡಬೇಕಿಲ್ಲ.

ಇದರಿಂದ ಈ ಜಿಲ್ಲೆಗೆ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಅವರ ಮೊದಲ ಆಕ್ಷೇಪ ಅರಿಶಿನದ್ದು. ಕೇಂದ್ರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಚಾಮರಾಜನಗರದ ಪಾಲಿಗೆ ಬಂದದ್ದು ಅರಿಶಿನ. ಒಂದು ಕಿಲೋ ಅರಿಶಿನ ಪುಡಿಯನ್ನು ವಿಮಾನದಲ್ಲಿ ಕಳುಹಿಸಿದರೆ ಪುಡಿಯ ಬೆಲೆಗಿಂತ ಸಾಗಣೆಯೇ ಹೆಚ್ಚಾಗುತ್ತದೆ, ಮೇಲೆ ಆಹಾರ ಸುರಕ್ಷತೆಯ ನಿಯಮಗಳ ತೊಡಕು. ಈ ಮಾತು ನಿಜ, ಅದನ್ನು ಒಪ್ಪಲೇಬೇಕು. ಅರಿಶಿನ, ಸಾಂಬಾರ್ ಈರುಳ್ಳಿಗಳಿಗೆ ಪಾರ್ಸೆಲ್ ದಾರಿಯಲ್ಲ. ಆದರೆ ಜಿಲ್ಲೆ ಎಂದರೆ ಅರಿಶಿನವೊಂದೇ ಅಲ್ಲ. ಅಲಂಕಾರದ ಗಿಡವಾಗಿ ದೇಶಕ್ಕೆ ಬಂದು ಕಾಡನ್ನೇ ನುಂಗಿದ ಲಂಟಾನವನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಬುಟ್ಟಿ, ಪೀಠೋಪಕರಣ ಮಾಡುವ ಕಸುಬನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ಜೊತೆಗೂಡಿ ಬೆಳೆಸಿದ್ದಾರೆ. ಎಲ್ಲ ಕಡೆ 30 ಸೆಂಟಿಮೀಟರ್ ಅಳತೆಯ ಒಂದು ಬುಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಖಾಸಗಿ ಕೊರಿಯರ್‌ಗಳು ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. ಆ ಪ್ರಕಾರ ಒಂದು ಕಿಲೋ ತೂಗದ ಬುಟ್ಟಿಗೆ 5.4 ಕಿಲೋ ದರ ಬೀಳುತ್ತದೆ. ಅಂಚೆಯ ಅಂತರರಾಷ್ಟ್ರೀಯ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆಯಲ್ಲಿ ಎರಡು ಕಿಲೋವರೆಗೆ ನಿಜ ತೂಕಕ್ಕೆ ದರ. ಮೂರೂ ಅಳತೆ ಸೇರಿ 90 ಸೆಂಟಿಮೀಟರ್ ಮೀರಬಾರದು. ಹಾಗಾಗಿ ನಮ್ಮ ಬುಟ್ಟಿಯನ್ನು ಹೊರಪೆಟ್ಟಿಗೆ ಸೇರಿ ಆ ಮಿತಿಯೊಳಗೆ ಬರುವಷ್ಟು ಚಿಕ್ಕದಾಗಿ ಹೆಣೆದರೆ ಅದು ಹೋಗಬಲ್ಲದು. ಯಾವ ದೇಶ ಮರದ ವಸ್ತುವನ್ನು ಹೇಗೆ ತಪಾಸಣೆ ಮಾಡುತ್ತದೆ ಎಂದು ಮೊದಲೇ ತಿಳಿದಿರಬೇಕು, ಆಸ್ಟ್ರೇಲಿಯಾ ಈ ವಿಷಯದಲ್ಲಿ ಬಹಳ ಬಿಗಿ. ಕೊಳ್ಳೇಗಾಲದ ಸೀರೆಗೆ ಅಂಥ ತಾಪತ್ರಯವೂ ಇಲ್ಲ: ಮಡಚಿದರೆ ಚಿಕ್ಕದು, ತೂಕ ಕಡಿಮೆ, ಬೆಲೆ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಂಗಳೂರಿನ ರಫ್ತುದಾರನೊಬ್ಬ ಎಲ್ಲವನ್ನೂ ಒಟ್ಟಾಗಿ ಕೊಂಡು ಕಳುಹಿಸಲಿ, ನೇಕಾರನಿಗೆ ಕೈಗೆ ಕಾಸು ಬರುತ್ತದಲ್ಲ, ಈ ತಲೆನೋವು ಅವನಿಗೇಕೆ ಎನ್ನುತ್ತಾರೆ. ಇದಕ್ಕೆ ಉತ್ತರ ಜಿಲ್ಲೆಯ ಅನುಭವದಲ್ಲೇ ಇದೆ. ಚೆಂಡುಹೂ ಬೆಳೆಯುವ ಗುಂಡ್ಲುಪೇಟೆಯ ರೈತನಿಗೆ ತನ್ನ ಹೂವು ಯಾವ ಮಾತ್ರೆಯಾಗಿ ಎಷ್ಟಕ್ಕೆ ಮಾರಾಟವಾಗುತ್ತದೆಂದು ತಿಳಿಯುವ ದಾರಿಯಿಲ್ಲ. ಕಲ್ಲು ಒಡೆದವನಿಗೂ ಅಷ್ಟೆ. ಕೊನೆಯ ಗಿರಾಕಿ ಯಾರು, ಏನನ್ನು ಮೆಚ್ಚಿದ, ಎಷ್ಟು ಕೊಟ್ಟ ಎಂಬ ಅರಿವು ಇಲ್ಲದವನು ಬೆಲೆಯ ಮಾತುಕತೆಯಲ್ಲಿ ಯಾವಾಗಲೂ ಕೆಳಗೇ ಇರುತ್ತಾನೆ. ಸಗಟು ರಫ್ತುದಾರ ಬೇಡವೆಂದು ಇದರ ಅರ್ಥವಲ್ಲ. ತಿಂಗಳಿಗೆ ಹತ್ತು ಪೊಟ್ಟಣವನ್ನಾದರೂ ನೇರವಾಗಿ ಕಳುಹಿಸಬಲ್ಲ ನೇಕಾರ ಅದೇ ರಫ್ತುದಾರನ ಜೊತೆ ಬೇರೆ ದನಿಯಲ್ಲಿ ಮಾತಾಡುತ್ತಾನೆ. ಸಣ್ಣ ಪಾರ್ಸೆಲ್‌ನ ಆದಾಯಕ್ಕಿಂತ ಈ ಬಲವೇ ದೊಡ್ಡದೆಂದು ನನ್ನ ಎಣಿಕೆ.

ಮೂರನೆಯದು 2025ರ ಪೆಟ್ಟು. ಅಮೆರಿಕ 800 ಡಾಲರ್ ವಿನಾಯಿತಿಯನ್ನು ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ರದ್ದು ಮಾಡಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕೆಂಬುದೇ ಸ್ಪಷ್ಟವಿಲ್ಲದೆ ವಿಮಾನ ಸಂಸ್ಥೆಗಳು ಹಿಂದೆಗೆದವು. ಭಾರತೀಯ ಅಂಚೆ ಅಮೆರಿಕಕ್ಕೆ ಪೊಟ್ಟಣ ಕಳುಹಿಸುವುದನ್ನು ನಿಲ್ಲಿಸಿತು. ಅಕ್ಟೋಬರ್ 15ರಂದು ಸೇವೆ ಮರಳಿದಾಗ ಸುಂಕವನ್ನು ಇಲ್ಲೇ ಮುಂಗಡವಾಗಿ ಕಟ್ಟುವ ಏರ್ಪಾಡಿತ್ತು, ಆಗಿನ ದರ ಘೋಷಿತ ಬೆಲೆಯ ಶೇ 50. ಇಷ್ಟು ಸುಲಭವಾಗಿ ಮುಚ್ಚುವ ಬಾಗಿಲನ್ನು ನಂಬಿ ಬದುಕು ಕಟ್ಟಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದೇ ದೇಶವನ್ನು ನಂಬಬಾರದು ಎಂಬುದು ಅದರ ಒಂದು ಪಾಠ. ಬೇರೆಡೆಯೂ ವಿನಾಯಿತಿಗಳು ಕಿರಿದಾಗುತ್ತಲೇ ಇದ್ದವು: ಯುರೋಪು 2021ರಲ್ಲೇ 22 ಯೂರೊವರೆಗಿನ ತೆರಿಗೆ ವಿನಾಯಿತಿಯನ್ನು ತೆಗೆದಿತ್ತು, ಆಸ್ಟ್ರೇಲಿಯಾ 2018ರಲ್ಲೇ ಸಣ್ಣ ಪೊಟ್ಟಣಕ್ಕೆ ತೆರಿಗೆ ಹಾಕಿತ್ತು. ಆದರೆ ಅಮೆರಿಕದ ಅಂಚೆ ನಿಂತ ಆ ಏಳೆಂಟು ವಾರಗಳು ತೋರಿದ ಇನ್ನೊಂದು ಸಂಗತಿ ಹೆಚ್ಚು ಮುಖ್ಯ. ಸುಂಕದ ಲೆಕ್ಕ ಹಾಕಿ ವಸೂಲಿ ಮಾಡಿ ಮುಟ್ಟಿಸುವ ವ್ಯವಸ್ಥೆ ಯಾರ ಕೈಯಲ್ಲಿದೆಯೋ ದಾರಿ ಅವರ ಕೈಯಲ್ಲಿದೆ. ದೊಡ್ಡ ವ್ಯಾಪಾರಿ ತನ್ನ ದಲ್ಲಾಳಿಯಿಂದ ಆ ಕೆಲಸ ಮಾಡಿಸಿಕೊಂಡ. ಸಣ್ಣವನಿಗೆ ಅದನ್ನು ಮಾಡಿಕೊಡುವ ಸಾರ್ವಜನಿಕ ಸಂಸ್ಥೆಯೆಂದು ಇದ್ದದ್ದು ಅಂಚೆ.

ಉಳಿದಿರುವ ತೊಡಕುಗಳು ಮುಖ್ಯವಾಗಿ ಎರಡು. ಒಂದು ಬ್ಯಾಂಕಿನದು. ಪ್ರತಿ ರಫ್ತು ಬಿಲ್ಲಿಗೂ ಹಣ ಬಂದ ದಾಖಲೆಯನ್ನು ಹೊಂದಿಸಬೇಕು, ಆ ಕೆಲಸಕ್ಕೆ ಬ್ಯಾಂಕ್ ಶುಲ್ಕ ತೆಗೆದುಕೊಂಡರೆ ಸಾವಿರ ರೂಪಾಯಿ ಪೊಟ್ಟಣದ ಲಾಭ ಅಲ್ಲೇ ಕರಗುತ್ತದೆ. ಹತ್ತು ಲಕ್ಷ ರೂಪಾಯಿವರೆಗಿನ ಬಿಲ್ಲುಗಳನ್ನು ರಫ್ತುದಾರನ ಘೋಷಣೆಯ ಮೇಲೇ ಮುಕ್ತಾಯ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ತಾಲ್ಲೂಕು ಮಟ್ಟದ ಶಾಖೆಗಳು ಇದನ್ನು ತಿಳಿದು ನಡೆಸಬೇಕು. ಇನ್ನೊಂದು, ವಾಪಸಾಗುವ ಸರಕು. ಗಿರಾಕಿ ಬೇಡವೆಂದ ಸೀರೆ ಮರಳಿ ಬಂದರೆ ಕಸ್ಟಮ್ಸ್ ಕಣ್ಣಿಗೆ ಅದು ಆಮದು. ಹಿಂದೆ ಹೋದದ್ದು ಇದೇ ಸೀರೆ ಎಂದು ಸಾಬೀತುಪಡಿಸಿದರೆ ಮಾತ್ರ ಸುಂಕದಿಂದ ವಿನಾಯಿತಿ. ರಫ್ತು ಬಿಲ್ಲಿನಲ್ಲಿ ‘ರೇಷ್ಮೆ ಸೀರೆ’ ಎಂದಷ್ಟೇ ಬರೆದವನಿಗೆ ಆ ಸಾಬೀತು ಕಷ್ಟ. ಬಣ್ಣ, ಅಂಚು, ಗುರುತಿನ ಸಂಖ್ಯೆ, ಫೋಟೊ ಸಮೇತ ದಾಖಲಿಸುವುದನ್ನು ಕೊಳ್ಳೇಗಾಲದ ನೇಕಾರನಿಗೆ, ಬೆಟ್ಟದ ಸ್ವಸಹಾಯ ಸಂಘಕ್ಕೆ ಕನ್ನಡದಲ್ಲಿ ಹೇಳಿಕೊಡುವ ಒಬ್ಬ ತಿಳಿದವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೋ ಅಂಚೆ ಕಚೇರಿಯಲ್ಲಿಯೋ ವಾರಕ್ಕೊಂದು ದಿನ ಕೂರುವಂತಾಗಬೇಕು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕಾನೂನೂ ಬೇಡ.