ಊರು ಉಳಿಸಿದವರಿಗೆ ಊರು ಏನು ಕೊಟ್ಟೀತು?

ಪಾತ್ರದಾಟವನ್ನು ತರಗತಿಗೆ ತರುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಸಾಹಸದ ಭಾಗಕ್ಕೆ ಬಹಳ ತಯಾರಿ ಮಾಡಿಕೊಳ್ಳುತ್ತಾರೆ, ಬಹುಮಾನದ ಭಾಗವನ್ನು ಅವಸರದಲ್ಲಿ ಮುಗಿಸುತ್ತಾರೆ. ಆಟದ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು: ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಕಥೆಗಾರರು, ಉಳಿದವರಿಗೆ ಒಂದೊಂದು ಪಾತ್ರ. ಪಾತ್ರಧಾರಿ ತಾನು ಏನು ಮಾಡುತ್ತೇನೆಂದು ಬಾಯಿಂದ ಹೇಳುತ್ತಾನೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಊರಿಗೆ ಕಷ್ಟ ಬರುತ್ತದೆ, ವೀರರು ಬಂದು ಪಾರುಮಾಡುತ್ತಾರೆ, ಗೌಡರು ಒಂದು ಚೀಲ ಬಂಗಾರ ಕೊಡುತ್ತಾರೆ, ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ನಾನು ಬರೆಯಹೊರಟಿರುವುದು ಆ ಒಂದು ಚೀಲ ಬಂಗಾರದ ಬಗ್ಗೆ.

ಅದು ಎಲ್ಲಿಂದ ಬಂತು ಎಂಬುದು ಗೊತ್ತಿರುವ ಸಂಗತಿಯೇ. ಈ ಬಗೆಯ ಆಟಗಳಿಗೆಲ್ಲ ಮೂಲವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ಅದರ ಮೊದಮೊದಲ ನಿಯಮಗಳಲ್ಲಿ ನೆಲಮಾಳಿಗೆಯಿಂದ ಹೊತ್ತು ತಂದ ಬಂಗಾರವೇ ಪಾತ್ರದ ಅನುಭವದ ಅಂಕವಾಗಿ ಲೆಕ್ಕಕ್ಕೆ ಬರುತ್ತಿತ್ತು. ಇಂದಿನ ಮೊಬೈಲ್ ಆಟಗಳ ನಾಣ್ಯದ ರಾಶಿಯೂ ಅದೇ ದಾರಿಯದು. ಆದರೆ ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುವ ಒಂದು ಊರಲ್ಲಿ, ಅದರಲ್ಲೂ ಆಗತಾನೆ ಆಪತ್ತಿನಿಂದ ಪಾರಾದ ಊರಲ್ಲಿ, ಚೀಲ ಬಂಗಾರ ಯಾರ ಮನೆಯ ಹಗೇವಿನಲ್ಲಿರುತ್ತದೆ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೆ ಸಮಾಜ ವಿಜ್ಞಾನವೂ ಗಣಿತವೂ ಒಂದೇ ಅವಧಿಯಲ್ಲಿ ಬಂದು ಕೂಡುತ್ತವೆ.

ನಾನು 8ನೇ ತರಗತಿಗೆ ಕಟ್ಟಿಕೊಂಡ ಕಥೆ ಸರಳವಾದದ್ದು. ನವಲಗುಂದ, ಕುಂದಗೋಳ ಕಡೆಯ ಮಕ್ಕಳಿಗೆ ಬೆಣ್ಣಿಹಳ್ಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ದಾಟಿಹೋಗುವ ಹಳ್ಳ ಮಳೆಗಾಲದ ಒಂದೇ ರಾತ್ರಿಯಲ್ಲಿ ಎರಡೂ ಕಡೆಯ ಹೊಲ ನುಂಗುತ್ತದೆ. ಅಂಥ ಒಂದು ರಾತ್ರಿ, ಇನ್ನೂರು ವರ್ಷ ಹಿಂದೆ, ದಾರಿಹೋಕರಾದ ನಾಲ್ವರು ಹಳ್ಳದ ದಂಡೆಯ ಒಂದು ಊರಿನ ಜನ-ದನ ಉಳಿಸುತ್ತಾರೆ. ದಾಳದ ಬದಲು ಒಡೆದ ಹುಣಸೆ ಬೀಜ ನಾಲ್ಕು. ಚೌಕಾಬಾರ ಆಡಿದ ಮಕ್ಕಳಿಗೆ ಅದೇ ಕೈಗೆ ಒಗ್ಗುತ್ತದೆ, ನಾಲ್ಕೂ ಬಿಳಿ ಬೀಳುವ ಸಂಭವನೀಯತೆ 16ರಲ್ಲಿ 1 ಎಂದು ಲೆಕ್ಕ ಹಾಕುವುದೂ ಸುಲಭ. (ಬೀಜದ ಎರಡು ಮುಖಕ್ಕೆ ಸಮ ಅವಕಾಶವಿದೆ ಎಂದು ಇಲ್ಲಿ ಹಿಡಿದಿದ್ದೇವೆ. ನಿಜವಾಗಿ ಇದೆಯೋ ಎಂದು ನೂರು ಸಲ ಎಸೆದು ನೋಡುವುದು ಇನ್ನೊಂದು ದಿನದ ಪಾಠ.) ನಾಲ್ವರಲ್ಲಿ ಒಬ್ಬ ಹಳ್ಳದ ಪಾಲಾಗುತ್ತಾನೆ. ಸಾಹಸ ಅಲ್ಲಿಗೆ ಮುಗಿಯುತ್ತದೆ, ಪಾಠ ಅಲ್ಲಿಂದ ಶುರುವಾಗುತ್ತದೆ.

ಈಗ ಊರು ಏನು ಕೊಟ್ಟೀತು? ಉತ್ತರಕ್ಕೆ ಹೊರಗೆ ಹುಡುಕಬೇಕಾಗಿಲ್ಲ. ಹನುಮಪ್ಪನ ಗುಡಿಯ ಮಗ್ಗುಲಲ್ಲೋ ಕೆರೆಯ ದಂಡೆಯಲ್ಲೋ ಅರ್ಧ ಹೂತ ವೀರಗಲ್ಲುಗಳು ನಮ್ಮ ಕಡೆ ಅಪರೂಪವಲ್ಲ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೂ ನೋಡಸಿಗುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಯಾವ ಕಾಳಗ ಎಂಬುದಕ್ಕೆ ಶಾಸನಗಳಲ್ಲಿ ಹೆಸರುಗಳೇ ಇವೆ. ದನ ಹೊಡೆದೊಯ್ಯುವವರನ್ನು ತಡೆದದ್ದು ತುರುಗೋಳ್, ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿದ್ದು ಪೆಣ್ಬುಯ್ಯಲ್, ಊರಿಗೇ ಮುತ್ತಿಗೆ ಬಿದ್ದಾಗ ಊರಳಿವು. ಹುಲಿ, ಹಂದಿಯ ಬೇಟೆಯಲ್ಲಿ ಸತ್ತವರಿಗೂ ಕಲ್ಲುಗಳಿವೆ. ಕಲ್ಲು ಮಾತ್ರವಲ್ಲ, ಅದರ ಜೊತೆಗೆ ಬಹಳ ಕಡೆ ಭೂಮಿಯೂ ಹೋಗುತ್ತಿತ್ತು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಮೂರು ಮಾತುಗಳನ್ನು ನಾನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ನೆತ್ತರಿಗೆ ಕೊಟ್ಟ ಕೊಡುಗೆ ನೆತ್ತರುಗೊಡಗೆ. ಪದ ಬಿಡಿಸಿದ ಕೂಡಲೆ ಅರ್ಥವನ್ನು ಮಕ್ಕಳೇ ಹೇಳುತ್ತಾರೆ. ಓದಿನ ಹಿನ್ನೆಲೆ ಬೇಕೆನ್ನುವ ಪ್ರಶಿಕ್ಷಣಾರ್ಥಿಗಳಿಗೆ ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಸಾಕು.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುವುದು ಒಳ್ಳೆಯದು, ಮತ್ತು ಅದಕ್ಕೆ ಆತಕೂರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಈ ಕಲ್ಲು 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರ ಎಂಬವನಿಗೆ ಒಡೆಯ ಮೆಚ್ಚಿ, ಬೇಕಾದ್ದು ಬೇಡಿಕೋ ಎನ್ನುತ್ತಾನೆ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಈ ಕಥೆ ಹೇಳಿದ ತರಗತಿಯಲ್ಲಿ ‘ಬಹುಮಾನ ಅಂದರೆ ಬಂಗಾರ’ ಎಂಬ ಮಾತು ಮತ್ತೆ ಏಳುವುದಿಲ್ಲ. ಮೆಚ್ಚಿದ್ದನ್ನು ಕೇಳಿ ಪಡೆಯಬಹುದು, ಬಹುಮಾನವನ್ನು ಮುಂದೆಯೂ ಯಾರಾದರೂ ನಡೆಸಿಕೊಂಡು ಹೋಗಬೇಕು ಎಂಬ ಎರಡು ಅಂಶವನ್ನು ಮಕ್ಕಳು ತಾವಾಗಿ ಹಿಡಿಯುತ್ತಾರೆ.

ಆತಕೂರಿನ ಕೊಡುಗೆ ಒಡೆಯನಿಂದ ಬಂದದ್ದು. ನಮ್ಮ ಆಟದಲ್ಲಿ ಕೊಡಬೇಕಾದ್ದು ಊರು. ಹಾಗಾಗಿ ಅರ್ಧ ತರಗತಿಯನ್ನು ಊರಾಗಿ ಚಾವಡಿಯಲ್ಲಿ ಕೂಡಿಸಿದೆ. ಗೌಡ, ಕುಲಕರ್ಣಿ, ವಾಲೀಕಾರ, ಬಡಿಗ, ಎರಡೆಕರೆಯ ರೈತ, ನೇಯುವ ಹೆಣ್ಣುಮಗಳು, ಹಳ್ಳದ ಪಾಲಾದವನ ಹೆಂಡತಿ. ಊರಿಗೊಂದು ಲೆಕ್ಕದ ಚೀಟಿ. ಅಂಕಿಗಳು ಆಟಕ್ಕಾಗಿ ನಾನೇ ಇಟ್ಟದ್ದು: 60 ಮನೆ, 600 ಎಕರೆ, ಸರಕಾರಕ್ಕೆ ಕಟ್ಟಬೇಕಾದ ಕಂದಾಯ ವರ್ಷಕ್ಕೆ 600 ರೂಪಾಯಿ, ಅದರಲ್ಲಿ ಒಂದು ಪೈಸೆಯೂ ಕಡಿಮೆಯಾಗುವಂತಿಲ್ಲ.

ವೀರರ ಗುಂಪು ತಲೆಗೆ ಆರೆಕರೆಯಂತೆ 24 ಎಕರೆ ಮಾನ್ಯದ ಹೊಲ ಕೇಳಿತು, ಕಂದಾಯವಿಲ್ಲದೆ. ಊರು ಖುಷಿಯಿಂದ ಒಪ್ಪಿತು. ಆಗ ಕುಲಕರ್ಣಿಯ ಪಾತ್ರದ ಹುಡುಗಿಗೆ ಲೆಕ್ಕ ಮಾಡಲು ಹೇಳಿದೆ. 600 ರೂಪಾಯಿ ಈಗ 576 ಎಕರೆಯ ಮೇಲೆ ಬೀಳುತ್ತದೆ. ಎಕರೆಗೆ ಒಂದು ರೂಪಾಯಿಯ ಜೊತೆ 1/24 ಹೆಚ್ಚು. ಎರಡೆಕರೆಯವನಿಗೆ 2 ರೂಪಾಯಿ ಮತ್ತು 1/12. ಎರಡೆಕರೆಯ ರೈತ ಎದ್ದು ನಿಂತ: “ಅಲ್ರೀ ಗೌಡ್ರ, ಕೊಡಾವ್ರು ನೀವು, ಕಟ್ಟಾವ್ರು ನಾವಾ? ನಮ್ಮ ಬೆಳಿನೂ ಹಳ್ಳಕ್ಕ ಹೋಗೇತಿ.”

ಭಿನ್ನರಾಶಿಯ ಲೆಕ್ಕವನ್ನು ಅಷ್ಟು ಸಿಟ್ಟಿನಿಂದ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇಲ್ಲಿಂದ ಮುಂದೆ ಕಥೆಗಾರ ಆದಷ್ಟು ಸುಮ್ಮನಿರಬೇಕು. ವಾದ 20 ನಿಮಿಷ ನಡೆಯಿತು. ಕೊನೆಗೆ ಬಿಟ್ಟದ್ದು ಆರೇ ಎಕರೆ, ಅದೂ ಸತ್ತವನ ಹೆಂಡತಿ ಮಕ್ಕಳಿಗೆ. ಬದುಕಿದ ಮೂವರಿಗೆ ಊರು ಬೇರೆ ದಾರಿ ಹುಡುಕಿತು: ಮುಂಡಾಸು ಸುತ್ತಿ, ಚಕ್ಕಡಿಯಲ್ಲಿ ಮೆರವಣಿಗೆ, ಸುಗ್ಗಿಯ ಹೊತ್ತಿಗೆ ಕಣದಲ್ಲಿ ಮನೆಗೊಂದು ಮೊರ ಜೋಳ. ಆಯಗಾರರಿಗೆ ಕಣದಲ್ಲೇ ಕಾಳು ಅಳೆಯುತ್ತಿದ್ದ ಪದ್ಧತಿಯನ್ನು ಅಜ್ಜನಿಂದ ಕೇಳಿದ್ದವನೊಬ್ಬ ಅದನ್ನು ತಂದ. ನೇಯುವವಳು ನವಲಗುಂದದ ಜಮಖಾನ ಕೊಟ್ಟಳು. ಬಡಿಗ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡಿಕೊಡುತ್ತೇನೆಂದ. ವೀರರಲ್ಲಿ ಒಬ್ಬನ ಹೆಂಡತಿ ಬಸುರಿ ಎಂದು ಆಗ ಕಥೆಗೆ ಸೇರಿತು. ಅಣ್ಣಿಗೇರಿ ಕಡೆಯ ಹುಡುಗ ಒಣಮೆಣಸಿನಕಾಯಿಯ ಚೀಲ ಸೇರಿಸಿದ. ಇವೆಲ್ಲ ಪುಸ್ತಕದಿಂದ ಬಂದವಲ್ಲ. ಮಕ್ಕಳು ತಮ್ಮ ಸುತ್ತಲಿನ ಉತ್ಪಾದನೆಯನ್ನು ಬಲ್ಲರು, ಬಂಗಾರ ಆ ತಿಳಿವಳಿಕೆಯನ್ನು ಮುಚ್ಚಿಹಾಕಿತ್ತು ಅಷ್ಟೆ.

ಎರಡನೆಯ ಅವಧಿಗೆ ಬಹುಮಾನದ ಇನ್ನೊಂದು ಮಗ್ಗುಲನ್ನು ಉಳಿಸಿಕೊಳ್ಳಬೇಕು: ಪಡೆದವನ ಋಣ. ಇದಕ್ಕೆ ನಮ್ಮ ಸುತ್ತಮುತ್ತಲ ಹೆಸರು ಸಂಗೊಳ್ಳಿ ರಾಯಣ್ಣ. ಅವನು ವಾಲೀಕಾರ, ಶೇತಸನದಿ. ಅಂದರೆ ಊರು, ಕೋಟೆ ಕಾಯುವ ಸೇವೆಗೆ ಸನದಿನ ಮೂಲಕ ಹೊಲ ಪಡೆದ ವರ್ಗದವನು. ಅವನ ಮನೆತನಕ್ಕೆ ರಕ್ತಮಾನ್ಯದ ಹೊಲವಿತ್ತು ಎಂದು ಈ ಭಾಗದಲ್ಲಿ ಹೇಳುತ್ತಾರೆ. ಕಿತ್ತೂರು ಬಿದ್ದ ಮೇಲೆ ಇಂಥ ಹೊಲಗಳ ಮೇಲೆ ಕಂಪನಿ ಸರಕಾರದ ಕೈ ಬಿದ್ದದ್ದು ಬಂಡಾಯದ ಕಾರಣಗಳಲ್ಲೊಂದು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಬೇಡಿಕೊಳ್ಳುವವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಸರಕಾರ ಕಸಿದ ಹೊಲದ ಬದಲಿಗೆ ಜನ ಕೊಟ್ಟದ್ದು ಅದು ಎಂದು ನಾನು ಓದುತ್ತೇನೆ. ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ನಡೆದ ಗ್ರಾಮ ಹುದ್ದೆಗಳು ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ, 1961ರ ನಂತರ ಕೊನೆಗೊಂಡವು ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು.

ಆಟದಲ್ಲಿ ಇದನ್ನು ತರುವ ಬಗೆ: ಪ್ರತಿ ಬಹುಮಾನಕ್ಕೂ ಒಂದು ಚೀಟಿ, ಚೀಟಿಗೆ ಎರಡು ಕಲಂ. ಎಡಕ್ಕೆ ‘ಊರು ಕೊಟ್ಟದ್ದು’, ಬಲಕ್ಕೆ ‘ಪಡೆದವರು ನಡೆಸಬೇಕಾದ್ದು’. ಕಾಳು ಅಳೆಸಿಕೊಂಡವನು ಮುಂದಿನ ಮಳೆಗಾಲಕ್ಕೆ ಹಳ್ಳದ ಕಾವಲಿಗೆ ಬರಬೇಕೆಂದು ಮಕ್ಕಳು ಬರೆದರು. ಜಮಖಾನದ ಬಲಗಡೆ ಏನೂ ಬರೆಯಲಿಲ್ಲ, ಅದು ಸುಮ್ಮನೆ ಪ್ರೀತಿಯಿಂದ ಕೊಟ್ಟದ್ದು ಎಂದರು. ಒಪ್ಪಿದೆ.

ವೀರಗಲ್ಲು ಹಳೆಯ ಕಾಲದ ವಸ್ತು ಎಂದು ಭಾವಿಸುವವರಿಗೆ ನವಲಗುಂದವೇ ಉತ್ತರ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿ ರೈತರು ಸತ್ತರು. ಪ್ರತಿವರ್ಷ ಆ ದಿನ ರೈತರು ಅವರ ನೆನಪಿನ ಕಲ್ಲಿಗೆ ಹಾರ ಹಾಕುತ್ತಾರೆ. ಅದನ್ನು ಅವರು ಕರೆಯುವುದು ವೀರಗಲ್ಲು ಎಂದೇ. ಮಕ್ಕಳ ಮನೆಗಳಲ್ಲಿ ಆ ದಿನ ನೆನಪಿರುವ ಹಿರಿಯರಿದ್ದಾರೆ. ಅವರನ್ನು ಕೇಳಿಕೊಂಡು ಬರುವುದು ಮನೆಗೆಲಸ.

ಎಚ್ಚರದ ಮಾತು ಎರಡಿವೆ. ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರೇ ಕಸುಬು ಹೇಳುತ್ತದೆ: ಬಡಿಗೇರ, ಕಮ್ಮಾರ, ತಳವಾರ, ವಾಲೀಕಾರ, ಕುಲಕರ್ಣಿ, ಗೌಡರ. ಹಾಜರಿ ಪುಸ್ತಕ ನೋಡುತ್ತ ಪಾತ್ರ ಹಂಚಿದರೆ ಆಟದ ಹೆಸರಲ್ಲಿ ಜಾತಿಯ ಸಾಲು ಕೂಡಿಸಿದಂತಾಗುತ್ತದೆ. ಹುಡುಗರೇ ‘ನೀ ತಳವಾರ, ನೀನ ಕಾವಲಿಗೆ ಹೋಗು’ ಎಂದು ಶುರುಮಾಡುತ್ತಾರೆ. ಪಾತ್ರಗಳನ್ನು ಚೀಟಿ ಎತ್ತಿಸಿಯೇ ಕೊಡಬೇಕು, ಬದಲಾಯಿಸಿಕೊಳ್ಳಲು ಬಿಡಬಾರದು. ಎರಡನೆಯದು, ವೀರಗಲ್ಲು ತೋರಿಸಲು ಹೋದಲ್ಲಿ ಮಾಸ್ತಿಕಲ್ಲೂ ಕಣ್ಣಿಗೆ ಬೀಳುತ್ತದೆ. ಮಕ್ಕಳು ಕೇಳಿದರೆ ಅದು ಏನೆಂದು ನೇರವಾಗಿ ಹೇಳಬೇಕು, ಆದರೆ ಅದನ್ನು ಆಟದ ಗೌರವಗಳ ಪಟ್ಟಿಗೆ ಸೇರಿಸಲೇಬಾರದು. ನಮ್ಮ ಆಟದಲ್ಲಿ ಸತ್ತವನ ಹೆಂಡತಿ ಚಾವಡಿಯಲ್ಲಿ ಕುಳಿತು ಆರೆಕರೆ ಕೇಳಿ ಪಡೆಯುತ್ತಾಳೆ. ಆ ಪಾತ್ರಕ್ಕೆ ಮಾತು ಬಲ್ಲ ಮಗು ಬಂದರೆ ವಾದ ಇನ್ನೂ ಚೆನ್ನಾಗಿ ಏರುತ್ತದೆ.

ಪಾಠಯೋಜನೆಗೆ ಬೇಕಾದ್ದು ಇಷ್ಟು: ಹುಣಸೆ ಬೀಜ, ಪಾತ್ರದ ಚೀಟಿ, ಊರಿನ ಲೆಕ್ಕದ ಚೀಟಿ, ಎರಡು ಕಲಮಿನ ಬಹುಮಾನದ ಚೀಟಿ, ವೀರಗಲ್ಲಿನ ಒಂದು ಚಿತ್ರ. 40 ನಿಮಿಷದ ಎರಡು ಅವಧಿ ಬೇಕು. ಮುಖ್ಯಾಧ್ಯಾಪಕರು ಒಂದೇ ಅವಧಿ ಕೊಟ್ಟರೆ ಹಳ್ಳದ ರಾತ್ರಿಯನ್ನು ಐದು ನಿಮಿಷದಲ್ಲಿ ಕಥೆಯಾಗಿ ಹೇಳಿ ಮುಗಿಸಿ, ಆಟವನ್ನು ಚಾವಡಿಯಿಂದಲೇ ಶುರುಮಾಡಬಹುದು.