ಒಂದೇ ಪಂಪು, ಎರಡು ಕೊಳ

ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ನೀರೇರಿಸುವ ಕೆಲಸ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಪಾಲಿಗೆ ಬಂದಿರುತ್ತದೆ. ಗುಂಡಿ ಒತ್ತಿದರೆ ಪಂಪು ಹೊರಡುತ್ತದೆ. ಟ್ಯಾಂಕು ತುಂಬಿ ಚೆಲ್ಲತೊಡಗಿದಾಗ ಪಕ್ಕದ ಮನೆಯವರು ಕೂಗಿ ಹೇಳುತ್ತಾರೆ, ಆಗ ಆರಿಸಿದರಾಯಿತು. ಹೀಗೆ ಕೂಗುವವರ ಜಾಗದಲ್ಲಿ ಒಂದು ಯಂತ್ರವನ್ನು ಕೂರಿಸುವುದಕ್ಕೇ ಸ್ವಯಂಚಾಲನೆ ಎಂದು ಹೆಸರು.

ಎರಡು ಪಾತ್ರೆ, ಒಂದು ಪಂಪು, ನೀರು ಹೋಗುವುದು ಒಂದೇ ದಿಕ್ಕಿಗೆ ಎಂದಾಗ ಸಮಸ್ಯೆ ಸುಲಭ. ಆದರೆ ಆ ಎರಡು ಪಾತ್ರೆಗಳ ನಡುವೆ ನೀರು ಒಮ್ಮೊಮ್ಮೆ ಹರಿಯಬೇಕು, ಒಮ್ಮೊಮ್ಮೆ ಹರಿಯಲೇಬಾರದು, ಒಮ್ಮೊಮ್ಮೆ ಒಂದರೊಳಗೇ ಸುತ್ತುತ್ತಿರಬೇಕು ಎಂದರೆ? ಅಮೆರಿಕದ ಕ್ಯಾಲಿಫೋರ್ನಿಯಾ, ಆರಿಜೋನಾ, ಫ್ಲಾರಿಡಾಗಳಂಥ ಬಿಸಿಲಿನ ರಾಜ್ಯಗಳಲ್ಲಿ ಅನೇಕ ಮನೆಗಳ ಹಿತ್ತಿಲಿನಲ್ಲಿ ಇಂಥ ಏರ್ಪಾಡು ಇದೆ. ಒಂದು ಈಜುಕೊಳ, ಅದಕ್ಕೆ ಅಂಟಿಕೊಂಡಂತೆ, ಒಂದಡಿ ಎತ್ತರದಲ್ಲಿ, ಬಿಸಿನೀರಿನ ಪುಟ್ಟ ಕೊಳ. ಈ ಪುಟ್ಟ ಕೊಳಕ್ಕೆ ಅವರು 'ಸ್ಪಾ' ಎನ್ನುತ್ತಾರೆ. ನಮ್ಮ ಪೇಟೆಗಳಲ್ಲಿ ಸ್ಪಾ ಎಂಬ ಫಲಕ ಕಂಡರೆ ಅದು ಮಾಲೀಸಿನ ಅಂಗಡಿ. ಆ ಪದದ ಮೂಲವಾದರೋ ಖನಿಜಜಲದ ಬುಗ್ಗೆಗಳಿಗೆ ಹೆಸರಾದ ಬೆಲ್ಜಿಯಮ್ಮಿನ ಸ್ಪಾ ಎಂಬ ಊರು.

ಹಿತ್ತಿಲಿನಲ್ಲಿ ಈಜುಕೊಳ ಕಟ್ಟಿಸುವ ಯೋಗ ಈ ಪುರವಣಿಯ ಓದುಗರಲ್ಲಿ ಎಷ್ಟು ಮಂದಿಗಿದೆಯೋ ತಿಳಿಯದು. ಆದರೂ ಈ ಏರ್ಪಾಡನ್ನು ಬಿಡಿಸಿ ನೋಡುವುದು ಲಾಭದಾಯಕ. ಪ್ರೌಢಶಾಲೆಯ ಭೌತಶಾಸ್ತ್ರದ ಅರ್ಧ ಪಾಠ ಅದರಲ್ಲಿ ಅಡಗಿದೆ. ಜೊತೆಗೆ, ಮಕ್ಕಳನ್ನು ಈಜಲು ಕಳಿಸುವ ತಂದೆತಾಯಂದಿರು ತಿಳಿದಿರಬೇಕಾದ ಒಂದು ಅಪಾಯವೂ ಅಡಗಿದೆ.

ವಿಮಾನ ಬಿಟ್ಟು ಪಂಪಿಗೆ

ಸ್ಪಾದಲ್ಲಿ ಕುಳಿತವರ ಬೆನ್ನಿಗೆ ಗೋಡೆಯ ಕಿಂಡಿಗಳಿಂದ ನೀರು ಗುಳ್ಳೆಗಳೊಂದಿಗೆ ರಭಸದಿಂದ ಚಿಮ್ಮುತ್ತದೆ. ಇದರ ಕಥೆ ಸ್ವಾರಸ್ಯವಾಗಿದೆ. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಜಿ ಸೋದರರು ಮೊದಲು ವಿಮಾನದ ಪ್ರೊಪೆಲರುಗಳನ್ನೂ ಆಮೇಲೆ ವಿಮಾನವನ್ನೂ ತಯಾರಿಸುತ್ತಿದ್ದರು. 1921ರಲ್ಲಿ ಅವರ ವಿಮಾನವೊಂದು ಅಪಘಾತಕ್ಕೀಡಾಗಿ ಸೋದರರಲ್ಲೊಬ್ಬ ತೀರಿಕೊಂಡ. ಕುಟುಂಬ ಆಕಾಶದ ಸಹವಾಸ ಬಿಟ್ಟು ಬಾವಿಯ ಪಂಪುಗಳತ್ತ ತಿರುಗಿತು. ಅವರು ರೂಪಿಸಿದ್ದು ಆಳದ ಬಾವಿಗಳಿಗೆ ಜೆಟ್ ಪಂಪು. ಅದೇ ತತ್ತ್ವದ ಪಂಪುಗಳು ನಮ್ಮಲ್ಲೂ ಎಷ್ಟೋ ಮನೆಗಳ ಬಾವಿ, ಕೊಳವೆಬಾವಿಗಳಲ್ಲಿವೆ. ಕಿರಿದಾದ ಬಾಯಿಯಿಂದ ನೀರು ವೇಗವಾಗಿ ಹೊಮ್ಮಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಸುತ್ತಲಿನದು ಅದರೊಳಗೆ ಸೆಳೆದುಕೊಂಡು ಬರುತ್ತದೆ. ಜೆಟ್ ಪಂಪಿನಲ್ಲಿ ಹಾಗೆ ಬರುವುದು ಬಾವಿಯ ನೀರು, ಸ್ಪಾದ ಕಿಂಡಿಯಲ್ಲಿ ಗಾಳಿ. ಸೋದರರಲ್ಲಿ ಒಬ್ಬನಾದ ಕ್ಯಾಂಡಿಡೋನ ಮಗನಿಗೆ ಎಳವೆಯಲ್ಲೇ ಕೀಲುವಾತ ಬಂತು. ಆಸ್ಪತ್ರೆಯಲ್ಲಿ ಸಿಗುತ್ತಿದ್ದ ಜಲಚಿಕಿತ್ಸೆ ಮನೆಯಲ್ಲೂ ಸಿಗಲೆಂದು ಸ್ನಾನದ ತೊಟ್ಟಿಯಲ್ಲಿಡುವ ಪಂಪನ್ನು ಆತ ಮಾಡಿದ. ಒಬ್ಬ ಹುಡುಗನ ನೋವಿಗೆಂದು ಹುಟ್ಟಿದ್ದು ಮುಂದೆ ಸಿರಿವಂತರ ಷೋಕಿಯಾಯಿತು.

ಎರಡು ಕವಲು, ನಾಲ್ಕು ದಾರಿ

ಈಜುಕೊಳಕ್ಕೊಂದು, ಸ್ಪಾಕ್ಕೊಂದು ಎಂದು ಪಂಪು, ಶೋಧಕ, ಹೀಟರುಗಳನ್ನು ಬೇರೆಬೇರೆ ಇಟ್ಟರೆ ಖರ್ಚು ಇಮ್ಮಡಿ. ಆದ್ದರಿಂದ ಎರಡಕ್ಕೂ ಸೇರಿ ಒಂದೇ ಸರಣಿ: ಪಂಪು ನೀರನ್ನು ಎಳೆದುಕೊಳ್ಳುತ್ತದೆ, ಶೋಧಕ ಸೋಸುತ್ತದೆ, ಹೀಟರು ಬೇಕಾದರೆ ಕಾಯಿಸುತ್ತದೆ, ನೀರು ಮರಳುತ್ತದೆ. ಎಳೆಯುವ ಕಡೆ ಒಂದು ಕವಲು, ಮರಳುವ ಕಡೆ ಇನ್ನೊಂದು. ಪ್ರತಿ ಕವಲಿನಲ್ಲೂ ಮೂರು ಬಾಯಿಯ ಒಂದು ವಾಲ್ವ್. ತೋಟಕ್ಕೆ ನೀರು ಕಟ್ಟುವ ರೈತ ಗುದ್ದಲಿಯಿಂದ ಮಣ್ಣೆಳೆದು ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆರೆಯುತ್ತಾನಲ್ಲ, ಈ ವಾಲ್ವ್ ಮಾಡುವುದೂ ಅದನ್ನೇ.

ಎರಡು ವಾಲ್ವ್, ಒಂದೊಂದಕ್ಕೆ ಎರಡು ಸ್ಥಾನ. ಒಟ್ಟು ನಾಲ್ಕು ದಾರಿಗಳೆಂದು ಲೆಕ್ಕ ಬಲ್ಲವರು ಆಗಲೇ ಹೇಳಿರುತ್ತಾರೆ. ಈಜುಕೊಳದಿಂದ ಎಳೆದು ಈಜುಕೊಳಕ್ಕೇ ಬಿಟ್ಟರೆ ಅದು ದಿನನಿತ್ಯದ ಶುದ್ಧೀಕರಣ. ಸ್ಪಾದಿಂದ ಎಳೆದು ಸ್ಪಾಕ್ಕೇ ಬಿಟ್ಟರೆ ಆ ಚಿಕ್ಕ ಕೊಳವೊಂದೇ ಕಾಯುತ್ತದೆ. ಈಜುಕೊಳದಿಂದ ಎಳೆದು ಸ್ಪಾಕ್ಕೆ ಬಿಟ್ಟರೆ ಸ್ಪಾ ತುಂಬಿ ಅಂಚಿನಿಂದ ಪುಟ್ಟ ಜಲಪಾತದಂತೆ ಕೆಳಕ್ಕೆ ಸುರಿಯುತ್ತದೆ. ನೋಡಲು ಚಂದ ಎಂಬುದಷ್ಟೇ ಇದರ ಉಪಯೋಗವಲ್ಲ. ಸ್ಪಾದ ನೀರು ಕೊಳೆಯದಂತೆ, ಕ್ಲೋರಿನ್ ಅಲ್ಲಿಗೂ ತಲಪುವಂತೆ ದಿನಕ್ಕೆ ಒಂದಿಷ್ಟು ಹೊತ್ತು ಹೀಗೆ ಹರಿಸಬೇಕಾಗುತ್ತದೆ.

ನಾಲ್ಕನೆಯದು ಪೇಚಿನದು. ಸ್ಪಾದಿಂದ ಎಳೆದು ಈಜುಕೊಳಕ್ಕೆ ಬಿಡುವುದು. ಸ್ಪಾ ತೊಳೆಯುವ ದಿನ ಇದು ಬೇಕು, ಮಿಕ್ಕ ದಿನ ಬೇಡ. ಆರು ಅಡಿ ಅಗಲದ ಸ್ಪಾದಲ್ಲಿ ಸುಮಾರು 1500 ಲೀಟರ್ ನೀರಿದೆ ಎನ್ನೋಣ. ಪಂಪು ನಿಮಿಷಕ್ಕೆ 200 ಲೀಟರ್ ಎಳೆದರೆ ಏಳೂವರೆ ನಿಮಿಷದಲ್ಲಿ ಸ್ಪಾ ಖಾಲಿ. ಅನಂತರ ಪಂಪು ಎಳೆಯುವುದು ಬರಿಯ ಗಾಳಿಯನ್ನು. ಎರಡು ವಾಲ್ವ್‌ಗಳಲ್ಲಿ ಒಂದು ತಿರುಗಿ ಇನ್ನೊಂದು ತಿರುಗದೆ ನಿಂತರೆ ಇದೇ ಸ್ಥಿತಿ ತಾನಾಗಿ ಒದಗೀತು. ಆದುದರಿಂದ ಎರಡಕ್ಕೂ ಒಂದೊಂದು ಪುಟ್ಟ ಮೋಟಾರು ಜೋಡಿಸಿ, ಎರಡಕ್ಕೂ ಒಂದೇ ಕಾಲಕ್ಕೆ ಆಜ್ಞೆ ಹೋಗುವಂತೆ ಮಾಡಿರುತ್ತಾರೆ. ನೀರಿನ ಬಳಿಯ ಕೆಲಸವಾದ್ದರಿಂದ ಈ ಮೋಟಾರುಗಳಿಗೆ 24 ವೋಲ್ಟ್ ಮಾತ್ರ. ಹಲ್ಲುಗಾಲಿಗಳ ಮೂಲಕ ನಿಧಾನವಾಗಿ, ಅರ್ಧ ನಿಮಿಷದಷ್ಟು ಹೊತ್ತು ತೆಗೆದುಕೊಂಡು, ವಾಲ್ವ್ ಅರ್ಧ ಸುತ್ತು ತಿರುಗುತ್ತದೆ. ಕೊನೆಗೆ ಒಳಗಿನ ಒಂದು ಗುಬುಟು ಸ್ವಿಚ್ಚನ್ನು ಒತ್ತಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಪಂಪು ನಿಂತಾಗ

ಇಷ್ಟೆಲ್ಲ ಮಾಡಿದ ಮೇಲೂ ಕೆಲವರ ಮನೆಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಸ್ಪಾದ ನೀರು ಅರ್ಧಕ್ಕಿಳಿದಿರುತ್ತದೆ. ಯಾವ ಯಂತ್ರವೂ ಓಡುತ್ತಿಲ್ಲ, ನೆಲದಲ್ಲಿ ತೇವವೂ ಇಲ್ಲ. ನೀರು ಎಲ್ಲಿ ಹೋಯಿತು?

ಬೇರೆಬೇರೆ ಆಕಾರದ ಗಾಜಿನ ನಳಿಗೆಗಳು ತಳದಲ್ಲಿ ಕೂಡಿಕೊಂಡಿರುವ ಉಪಕರಣವನ್ನು ಶಾಲೆಯಲ್ಲಿ ನೋಡಿದ್ದೀರಿ. ಒಂದರಲ್ಲಿ ನೀರು ಹೊಯ್ದರೆ ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಈಜುಕೊಳ ಮತ್ತು ಸ್ಪಾ ಕೊಳವೆಗಳ ಮೂಲಕ ಕೂಡಿಕೊಂಡಿರುವ ಅಂಥವೇ ಪಾತ್ರೆಗಳು. ಜಲಪಾತ ಹರಿಯುತ್ತಿದ್ದಾಗ ಪಂಪು ನಿಂತಿತೆನ್ನಿ. ಒಂದಡಿ ಮೇಲಿರುವ ಸ್ಪಾದ ನೀರು ಬಂದ ದಾರಿಯಲ್ಲೇ ಹೀಟರು, ಶೋಧಕ, ಪಂಪುಗಳನ್ನು ಹಿಂದುಮುಂದಾಗಿ ಹಾಯ್ದು ಈಜುಕೊಳಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಕೊಳವೆಯಲ್ಲಿ ಒಂದೇ ದಿಕ್ಕಿಗೆ ತೆರೆಯುವ ಕದ ಬೇಕು. ನಮ್ಮ ಸಂಪಿನ ತಳದಲ್ಲಿರುವ ಫುಟ್ ವಾಲ್ವ್ ಇದರ ಸೋದರನೇ. ಆ ಕದದ ಸಂದಿಯಲ್ಲಿ ಒಂದು ಎಲೆಚೂರು ಸಿಕ್ಕಿ ನಿಮಿಷಕ್ಕೆ ಒಂದೂವರೆ ಲೀಟರ್ ನುಸುಳಿದರೂ ರಾತ್ರಿಯ ಎಂಟು ಗಂಟೆಯಲ್ಲಿ 720 ಲೀಟರ್ ಜಾರಿರುತ್ತದೆ. ಈಜುಕೊಳ ವಿಶಾಲವಾದ್ದರಿಂದ ಅಷ್ಟು ನೀರು ಬಂದರೂ ಅದರ ಮಟ್ಟ ಏರುವುದು ಎರಡು ಸೆಂ.ಮೀ.ಗಿಂತ ಕಡಿಮೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲೊಂದು ಒಳ್ಳೆಯ ಪ್ರಶ್ನೆಯಿದೆ. ವಿದ್ಯಾರ್ಥಿಗಳು ಮುಂದಿನ ವಾಕ್ಯ ಓದುವ ಮುನ್ನ ಯೋಚಿಸಿ ನೋಡಲಿ. ನೀರು ಈಜುಕೊಳಕ್ಕೆ ಜಾರುತ್ತಿದೆಯೋ, ಗೋಡೆ ಬಿರುಕು ಬಿಟ್ಟು ನೆಲಕ್ಕೆ ಸೋರುತ್ತಿದೆಯೋ, ಒಂದು ಅಳತೆಗೋಲಿನಿಂದಲೇ ತಿಳಿಯುವುದು ಹೇಗೆ? ಪಂಪು ನಿಲ್ಲಿಸಿ ಕಾದರೆ ಸಾಕು. ಸ್ಪಾದ ನೀರು ಈಜುಕೊಳದ ಮಟ್ಟಕ್ಕಿಂತಲೂ ಕೆಳಕ್ಕಿಳಿದರೆ ಅದು ಈಜುಕೊಳಕ್ಕೆ ಹೋಗಿರಲು ಸಾಧ್ಯವಿಲ್ಲ. ನೀರು ತಾನಾಗಿ ಮೇಲಕ್ಕೇರದು.

ಶಾಖದ ಲೆಕ್ಕ

ವಾಲ್ವ್ ತಪ್ಪಿದರೆ ಆಗುವ ನಷ್ಟ ನೀರಿನದಷ್ಟೇ ಅಲ್ಲ. 1500 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 40ಕ್ಕೆ ಏರಿಸಲು 30,000 ಕಿಲೋಕ್ಯಾಲರಿ ಬೇಕು, ಎಂದರೆ ಸುಮಾರು 35 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಅಲ್ಲಿ ಬಳಸುವ ದೊಡ್ಡ ಅನಿಲದ ಹೀಟರುಗಳು ಗಂಟೆಗೆ ಲಕ್ಷ ಕಿಲೋಕ್ಯಾಲರಿಯಷ್ಟು ಶಾಖವನ್ನು ಹುಟ್ಟಿಸುತ್ತವೆ. ನಷ್ಟವನ್ನು ಕಳೆದರೂ 20–25 ನಿಮಿಷದ ಕೆಲಸ. ಇದೇ ಶಾಖ ಅಪ್ಪಿತಪ್ಪಿ 57,000 ಲೀಟರಿನ ಈಜುಕೊಳಕ್ಕೆ ಹೋದರೆ ಅದರ ಉಷ್ಣತೆ ಏರುವುದು ಅರ್ಧ ಡಿಗ್ರಿ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ! (57,000 ಲೀಟರ್ ಎಂಬ ಅಂಕಿಯೇ ನಮ್ಮವರಿಗೆ ಹೊಟ್ಟೆ ಉರಿಸೀತು. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ನಿಷೇಧ ಹಾಕಿದ್ದು ಸರಿಯೇ ಆಗಿತ್ತು.)

40 ಡಿಗ್ರಿಯನ್ನು ದಾಟಬಾರದೆಂಬುದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೂಚನೆ. ನಮ್ಮ ಮೈಯ ಉಷ್ಣತೆ 37 ಡಿಗ್ರಿ. ಸೆಖೆಯಲ್ಲಿ ಬೆವರು ಆರಿ ಮೈಯನ್ನು ತಂಪಾಗಿಡುತ್ತದೆ. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿದವರ ಬೆವರು ಆರುವುದೆಲ್ಲಿಗೆ? ಶಾಖ ನೀರಿನಿಂದ ಮೈಗೇ ಹರಿಯುತ್ತದೆ. ಪುಟ್ಟ ಮಕ್ಕಳ ಮೈ ಬೇಗ ಕಾಯುವುದರಿಂದ ಅವರಿಗೆ 40 ಡಿಗ್ರಿಯೂ ಹೆಚ್ಚೇ.

ಹೀಟರಿಗೂ ಒಂದು ಶಿಸ್ತಿದೆ. ಮೊದಲು ವಾಲ್ವ್ ತಿರುಗಬೇಕು, ಆಮೇಲೆ ನೀರು ಹರಿಯಬೇಕು, ಕೊನೆಯಲ್ಲಿ ಉರಿ ಹೊತ್ತಬೇಕು. ನಿಲ್ಲಿಸುವಾಗ ಈ ಕ್ರಮ ತಿರುಗುಮುರುಗು: ಉರಿ ಆರಿದ ಮೇಲೂ ಕೆಲವು ನಿಮಿಷ ನೀರು ಹರಿದು ಹೀಟರಿನ ಒಳಗಿನ ಲೋಹ ತಣಿಯಬೇಕು. ಕೊಳವೆಯಲ್ಲಿ ಒತ್ತಡವಿಲ್ಲದಿದ್ದರೆ ಉರಿ ಹೊತ್ತದಂತೆ ತಡೆಯುವ ಸ್ವಿಚ್ಚು ಇದೆ, ನೀರು ಎಷ್ಟು ಕಾದಿದೆ ಎಂದು ಹೇಳುವ ಸಂವೇದಕವೂ ಇದೆ. ಅಂದರೆ ಹೀಟರಿನ ವಿಷಯದಲ್ಲಿ ಯಂತ್ರ ಆಜ್ಞೆ ಕೊಟ್ಟು ಸುಮ್ಮನಾಗುವುದಿಲ್ಲ, ಏನಾಯಿತೆಂದು ಕೇಳಿ ತಿಳಿದುಕೊಳ್ಳುತ್ತದೆ. ವಾಲ್ವ್‌ಗಳ ವಿಷಯದಲ್ಲಿ ಸಾಮಾನ್ಯವಾಗಿ ಹಾಗಿಲ್ಲ. 'ತಿರುಗು' ಎಂದು ಹೇಳುತ್ತದೆ, ತಿರುಗಿತೇ ಎಂದು ಕೇಳುವುದಿಲ್ಲ. ಪಂಪಂತೂ ಪೂರ್ತಿ ಕುರುಡು. ತಾನು ಎಳೆಯುತ್ತಿರುವುದು ನೀರನ್ನೋ, ಗಾಳಿಯನ್ನೋ, ಇನ್ನೇನನ್ನೋ ಅದಕ್ಕೆ ತಿಳಿಯದು.

ಆ ಇನ್ನೇನೋ

2002ರ ಜೂನ್ ತಿಂಗಳಲ್ಲಿ ವರ್ಜೀನಿಯಾ ರಾಜ್ಯದ ಒಂದು ಮನೆಯ ಸ್ಪಾದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ ತಳದ ಹೀರುಕಿಂಡಿಗೆ ಕಚ್ಚಿಕೊಂಡಳು. ಆಕೆಗೆ ಈಜು ಚೆನ್ನಾಗಿ ಬರುತ್ತಿತ್ತು. ತಾಯಿ ಎಳೆದರೂ ಬಿಡಿಸಲಾಗಲಿಲ್ಲ. ಇಬ್ಬರು ಗಂಡಸರು ಸೇರಿ ಎಳೆದು ಮೇಲೆ ತರುವಷ್ಟರಲ್ಲಿ ತಡವಾಗಿತ್ತು.

ಒಂದು ಮಗುವನ್ನು ಹಿಡಿದಿಡುವಷ್ಟು ಬಲ ಎಲ್ಲಿಂದ ಬರುತ್ತದೆ? ಲೆಕ್ಕ ಮಾಡಿ ನೋಡಿ. ಕಿಂಡಿಯ ಅಗಲ 20 ಸೆಂ.ಮೀ. ಆದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ. ವಾಯುಮಂಡಲದ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋಗ್ರಾಂ. ಕಿಂಡಿ ಪೂರ್ತಿ ಮುಚ್ಚಿಹೋಗಿ, ಪಂಪು ಅದರ ಹಿಂದಿನ ಒತ್ತಡವನ್ನು ಅರ್ಧಕ್ಕಿಳಿಸಿತು ಎಂದಿಟ್ಟುಕೊಳ್ಳಿ. ಮೈಯನ್ನು ಕಿಂಡಿಗೆ ಒತ್ತುವ ಬಲ 157 ಕಿಲೋಗ್ರಾಂ, ಮೂರು ಸಿಮೆಂಟಿನ ಮೂಟೆಗಳಿಗಿಂತ ಹೆಚ್ಚು. ಇಲ್ಲಿ 'ಹೀರುವುದು' ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಹಿಂದಿನಿಂದ ಯಾರೂ ಎಳೆಯುತ್ತಿಲ್ಲ. ಮುಂದಿನಿಂದ ಇಡೀ ವಾಯುಮಂಡಲವೇ ತಳ್ಳುತ್ತಿದೆ.

ಗ್ರೇಮ್ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು. ತಾಯಿ ನ್ಯಾನ್ಸಿ ಬೇಕರ್ ವರ್ಷಗಟ್ಟಲೆ ಹೋರಾಡಿದರು. 2007ರ ಡಿಸೆಂಬರಿನಲ್ಲಿ ಆ ಬಾಲಕಿಯ ಹೆಸರಿನಲ್ಲೇ ಕಾಯಿದೆಯಾಗಿ, ಮರುವರ್ಷ ಜಾರಿಗೆ ಬಂತು. ಸಾರ್ವಜನಿಕ ಕೊಳಗಳ ಹೀರುಕಿಂಡಿಗಳಿಗೆಲ್ಲ ಮೈ ಕಚ್ಚಿಕೊಳ್ಳದಂಥ ಮುಚ್ಚಳ ಕಡ್ಡಾಯವಾಯಿತು. ಚಪ್ಪಟೆ ಜಾಲರಿಯ ಬದಲು ಗುಮ್ಮಟದಂತೆ ಉಬ್ಬಿದ ಮುಚ್ಚಳವನ್ನು ಒಂದು ಬೆನ್ನು ಪೂರ್ತಿ ಮುಚ್ಚಲಾರದು. ಇನ್ನೂ ಸರಳವಾದ ಉಪಾಯವೆಂದರೆ ಒಂದರ ಬದಲು ಎರಡು ಕಿಂಡಿ, ಕನಿಷ್ಠ ಮೂರಡಿ ಅಂತರದಲ್ಲಿ, ಒಂದೇ ಕೊಳವೆಗೆ. ಒಂದು ಮುಚ್ಚಿದರೆ ನೀರು ಇನ್ನೊಂದರಿಂದ ಬರುತ್ತದೆ, ಒತ್ತಡ ಕುಸಿಯುವುದಿಲ್ಲ. ಕೊಳವೆಯಲ್ಲಿ ಒತ್ತಡ ಹಠಾತ್ತನೆ ಇಳಿದರೆ ಪಂಪನ್ನು ನಿಲ್ಲಿಸುವ ಸಾಧನಗಳೂ ಬಂದಿವೆ. ನನ್ನ ಎಣಿಕೆಯಲ್ಲಿ ಎರಡು ಕಿಂಡಿಯದೇ ಮೇಲಾದ ಉಪಾಯ. ಅದಕ್ಕೆ ತಂತಿ ಬೇಡ, ಸಂವೇದಕ ಬೇಡ, ಕೆಡುವುದಕ್ಕೆ ಏನೂ ಇಲ್ಲ.

ಸ್ಪಾ ನಮ್ಮಲ್ಲಿ ಅಪರೂಪವಾದರೂ ಅಪಾರ್ಟ್‌ಮೆಂಟು, ಕ್ಲಬ್ಬು, ರೆಸಾರ್ಟುಗಳ ಈಜುಕೊಳಗಳು ಸಾಕಷ್ಟಿವೆ. ಅಲ್ಲೂ ನೀರನ್ನು ಸೋಸುವ ಪಂಪು ಇದೆ, ಅದು ನೀರೆಳೆಯುವ ಕಿಂಡಿಯೂ ಇದೆ. ಮಕ್ಕಳನ್ನು ನೀರಿಗಿಳಿಸುವ ಮೊದಲು ದಂಡೆಯಿಂದ ತಳವನ್ನು ಒಮ್ಮೆ ನೋಡಿ. ಜಾಲರಿ ಒಡೆದಿದ್ದರೆ, ಕಳಚಿದ್ದರೆ, ನೀರು ಕದಡಿ ತಳವೇ ಕಾಣದಿದ್ದರೆ ಆ ದಿನ ಈಜು ಬೇಡ. ಉದ್ದ ಕೂದಲನ್ನು ಕಟ್ಟಿ ಟೊಪ್ಪಿಯೊಳಗೆ ಸೇರಿಸಿ, ಏಕೆಂದರೆ ಹರಿವಿನೊಂದಿಗೆ ಕೂದಲು ಜಾಲರಿಯೊಳಕ್ಕೆ ಹೋಗಿ ಗಂಟುಬೀಳುವುದುಂಟು. ಯಾರಾದರೂ ಕಿಂಡಿಗೆ ಕಚ್ಚಿಕೊಂಡರೆ ಮೊದಲು ಪಂಪು ನಿಲ್ಲಬೇಕು. 157 ಕಿಲೋಗ್ರಾಮಿನೊಂದಿಗೆ ಜಗ್ಗಾಡುವುದು ಆಮೇಲೆ. ಆ ಸ್ವಿಚ್ಚು ಎಲ್ಲಿದೆ ಎಂದು ಕೊಳದ ಉಸ್ತುವಾರಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪಂಪಿನ ಕೋಣೆಗೆ ಬೀಗ ಹಾಕಿದ್ದರೆ ಕೀಲಿ ಯಾರ ಬಳಿ ಇದೆ ಎಂದೂ ಕೇಳಿ.