ಬಡಾವಣೆಯ ಸಂಜೆಯೂ ಬಾಣಲೆಯ ಬಣ್ಣವೂ

ದಾವಣಗೆರೆಯ ಪೇಟೆಯ ನಡುವೆ ಊಟ ತಿಂಡಿಯ ಮನೆಯನ್ನು ಅರಸಿ ಹೊರಟವನಿಗೆ ಯಾರ ಮಾರ್ಗದರ್ಶನವೂ ಬೇಕಾಗುವುದಿಲ್ಲ; ಕಾವಲಿಯ ಮೇಲೆ ಕರಗುವ ಬೆಣ್ಣೆಯ ಪರಿಮಳವೂ ಎಣ್ಣೆಯಿಂದ ಆಗ ತಾನೇ ಎದ್ದ ಮಿರ್ಚಿಯ ಘಾಟೂ ಅವನನ್ನು ತಾವಾಗಿಯೇ ಕರೆದೊಯ್ಯುತ್ತವೆ. ಆದರೆ ಹೊತ್ತಿಗೆ ಮುಂಚೆ ದೀಪವಾರಿಸಿ ಮಲಗುವ ವಿದ್ಯಾನಗರ, ಸರಸ್ವತಿನಗರ, ನಿಜಲಿಂಗಪ್ಪ ಬಡಾವಣೆ, ಎಂ.ಸಿ.ಸಿ. ‘ಬಿ’ ಬ್ಲಾಕ್ ಮೊದಲಾದ ಪ್ರಶಾಂತ ವಸತಿಪ್ರದೇಶಗಳಲ್ಲಿ, ಬಾಗಿಲ ಮುಂದಿನ ರಂಗವಲ್ಲಿಯೂ ವಾಯುವಿಹಾರಕ್ಕೆ ಹೊರಟ ನಿವೃತ್ತ ಉಪಾಧ್ಯಾಯರೂ ಅಲ್ಲದೆ ಬೇರೇನೂ ಕಾಣಿಸದಂತಹ ಆ ಬೀದಿಗಳಲ್ಲಿ, ಚೀನ, ಟಿಬೆಟ್, ಅರಬ್ಬೀ ದೇಶಗಳ ಹೆಸರು ಹೊತ್ತ ಆಹಾರವು ಎಲ್ಲಿ ದೊರೆಯುತ್ತದೆ, ಅದರಲ್ಲಿ ತಿನ್ನತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬ ಪ್ರಶ್ನೆಯು ಈಗ ಮನೆಮನೆಯ ಪ್ರಶ್ನೆಯಾಗಿದೆ. ಮಕ್ಕಳು ಶಾಲೆಯಿಂದ ಬಂದೊಡನೆ ಅದನ್ನು ಬೇಡುತ್ತಾರೆ; ತಾಯಂದಿರು ಅಂಜುತ್ತಲೇ ಕೊಡಿಸುತ್ತಾರೆ; ಅಜ್ಜ ಅಜ್ಜಿಯರು ಬೇಡವೆನ್ನುತ್ತಲೇ ಒಂದು ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಷ್ಟು ಜನರ ನಾಲಗೆಗೂ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವನ್ನು ಬೀದಿಯ ಬದಿಯ ಕ್ಷುಲ್ಲಕ ಸಂಗತಿಯೆಂದು ತಳ್ಳಿಬಿಡುವುದು ಉಚಿತವಲ್ಲ.

ಮೊದಲು ಸ್ಥಳದ ಮಾತು. ಬಡಾವಣೆಯ ಒಳಬೀದಿಗಳಲ್ಲಿ ದೊಡ್ಡ ಹೋಟೆಲನ್ನು ಹುಡುಕುವುದು ವ್ಯರ್ಥಪ್ರಯಾಸ. ಒಳಬೀದಿಯು ಮುಖ್ಯರಸ್ತೆಯನ್ನು ಕೂಡುವ ತಿರುವಿನಲ್ಲಿ, ಉದ್ಯಾನದ ಬೇಲಿಯ ಪಕ್ಕದಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ವಿದ್ಯಾರ್ಥಿನಿಲಯಗಳ ಆಸುಪಾಸಿನಲ್ಲಿ, ಇಳಿಹೊತ್ತಿಗೆ ಬಂದು ನಿಂತು ರಾತ್ರಿಯ ಊಟದ ವೇಳೆ ಮುಗಿಯುವುದರೊಳಗೆ ಹೊರಟುಹೋಗುವ ತಳ್ಳುಗಾಡಿಗಳೂ, ಮನೆಯ ಮುಂಭಾಗದ ಮಳಿಗೆಯಲ್ಲಿ ನಾಲ್ಕು ಮೇಜುಗಳನ್ನಿಟ್ಟುಕೊಂಡ ಚಿಕ್ಕ ಅಂಗಡಿಗಳೂ ಈ ಆಹಾರದ ನಿಜವಾದ ನೆಲೆಗಳು. ಇದಕ್ಕೆ ಕಾರಣವುಂಟು. ಹತ್ತಿಯ ಗಿರಣಿಗಳಿಂದ ಹೆಸರಾದ ಈ ನಗರವು ಕ್ರಮೇಣ ವಿದ್ಯಾಕೇಂದ್ರವಾಗಿ ಬೆಳೆಯಿತು; 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜೂ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಅವುಗಳ ಬೆನ್ನಿಗೇ ಬಂದ ವಿದ್ಯಾರ್ಥಿನಿಲಯಗಳೂ ಬಾಡಿಗೆಯ ಕೋಣೆಗಳೂ ಸುತ್ತಣ ಬಡಾವಣೆಗಳನ್ನು ತುಂಬಿದವು. ಬೇರೆ ಬೇರೆ ರಾಜ್ಯಗಳಿಂದ ಬಂದು, ಇರುಳು ಬಹಳ ಹೊತ್ತು ಓದುತ್ತ, ಮೆಸ್ಸಿನ ಒಂದೇ ಬಗೆಯ ಸಾರಿನಿಂದ ಬೇಸತ್ತ ತರುಣರಿಗೆ ಅಗ್ಗವಾದ, ಬಿಸಿಯಾದ, ಖಾರವಾದ, ನಿಂತಲ್ಲೇ ತಿಂದು ಹೋಗಬಹುದಾದ ಆಹಾರವೊಂದು ಬೇಕಾಗಿತ್ತು. ನೂಡಲ್ಸ್, ಎಗ್ ರೈಸ್, ಗೋಬಿ ಮಂಚೂರಿಗಳು ಆ ಆವಶ್ಯಕತೆಯನ್ನು ಪೂರೈಸಿದವು. ವಿದ್ಯಾರ್ಥಿಗಳಿಗಾಗಿ ಬಂದು ನಿಂತ ಗಾಡಿಯ ಬಳಿಗೆ ಆಮೇಲೆ ಗೃಹಸ್ಥರೂ ಬರತೊಡಗಿದರು. ಆದಕಾರಣ ಅಪರಿಚಿತ ಬಡಾವಣೆಯಲ್ಲಿ ಈ ಆಹಾರವನ್ನು ಹುಡುಕುವವನು ಹಾಸ್ಟೆಲಿನ ಕಾಂಪೌಂಡನ್ನು ಹಿಡಿದು ನಡೆದರೆ ಸಾಕು.

ಇವುಗಳಲ್ಲಿ ಗೋಬಿ ಮಂಚೂರಿಗೆ ನಮ್ಮ ನಾಡಿನಲ್ಲಿ ದೊರೆತಿರುವ ಪ್ರತಿಷ್ಠೆಯು ಆಶ್ಚರ್ಯಕರವಾದುದು. ಹೆಸರಿನಲ್ಲಿ ಮಂಚೂರಿಯಾ ಇದ್ದರೂ ಆ ದೇಶದ ಯಾವ ಅಡುಗೆಮನೆಯಲ್ಲಿಯೂ ಇದು ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ಸಮೀಪಕ್ಕೆ ಬಂದು ಸಕ್ಕರೆಯ ಕಾರ್ಖಾನೆಯನ್ನು ಹೂಡಿದ ಟಾಂಗ್ ಆಚ್ಯೂ ಎಂಬ ಚೀನೀಯನ ತರುವಾಯ ಆ ನಗರದಲ್ಲಿ ಚೀನೀಯರ ಕೇರಿಯೊಂದು ಬೆಳೆಯಿತು. ಹಕ್ಕಾ ಜನರು ತಾಂಗ್ರಾದಲ್ಲಿ ಚರ್ಮ ಹದಮಾಡುವ ಕಸುಬಿನೊಡನೆ ಊಟದ ಮನೆಗಳನ್ನೂ ನಡೆಸಿದರು. ಕಲಕತ್ತೆಯ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗನು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಹೊಸದೇನಾದರೂ ಬೇಕೆಂದ ಗಿರಾಕಿಗಾಗಿ, ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಗರಂಮಸಾಲೆಯ ಬದಲು ಸೋಯಾ ಸಾಸನ್ನು ಸುರಿದು, ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ ಕರಿದ ಕೋಳಿಯ ತುಂಡುಗಳನ್ನು ಅದರಲ್ಲಿ ಬೆರೆಸಿ ಕೊಟ್ಟನೆಂಬುದು ಬಹುವಾಗಿ ಪ್ರಚಾರದಲ್ಲಿರುವ ವೃತ್ತಾಂತ. ಕೋಳಿಯ ಸ್ಥಾನಕ್ಕೆ ಹೂಕೋಸು ಬಂದೊಡನೆ ಆ ಭಕ್ಷ್ಯವು ಶಾಕಾಹಾರಿಗಳ ಬೀದಿಯನ್ನೂ ಪ್ರವೇಶಿಸಿತು. ಶಾಕಾಹಾರವನ್ನು ನಿಷ್ಠೆಯಿಂದ ಪಾಲಿಸುವ ಕುಟುಂಬಗಳು ಬಹುಸಂಖ್ಯೆಯಲ್ಲಿರುವ ದಾವಣಗೆರೆಯಂತಹ ಊರಿನಲ್ಲಿ ಅದು ನೆಲೆಯೂರಿದುದರಲ್ಲಿ ಸೋಜಿಗವೇನೂ ಇಲ್ಲ.

ಸೋಜಿಗವಿರುವುದು ಬೇರೊಂದು ಕಡೆ. ಸೋಯಾ ಸಾಸು ಚೀನದ್ದು. ಹೂಕೋಸು 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ತೋಟಕ್ಕೆ ಬಂದು ನಮ್ಮದಾದುದು. ಮೆಣಸಿನಕಾಯಿಯೂ ಮೆಕ್ಕೆಜೋಳವೂ ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದವು. ಆದರೂ ಗಾಡಿಯ ಮುಂದೆ ನಿಂತು ನೋಡಿದರೆ ಹೂಕೋಸಿಗೆ ಗರಿಗರಿಯಾದ ಕವಚವನ್ನು ತೊಡಿಸುವ ಕಾರ್ನ್‌ಫ್ಲೋರ್ ಎಂಬುದು ಮೆಕ್ಕೆಜೋಳದ ಪಿಷ್ಟವೇ ಹೊರತು ಬೇರೆಯಲ್ಲ. ಮೆಕ್ಕೆಜೋಳವಂತೂ ಸುಗ್ಗಿಯ ದಿನಗಳಲ್ಲಿ ದಾವಣಗೆರೆಯ ಮಾರುಕಟ್ಟೆಯ ಪ್ರಾಂಗಣದಲ್ಲಿ ರಾಶಿ ರಾಶಿಯಾಗಿ ಬಂದು ಬೀಳುವ, ಈ ಜಿಲ್ಲೆಯ ಮಳೆಯಾಶ್ರಿತ ರೈತನ ಮುಖ್ಯ ಬೆಳೆ. ಎಗ್ ರೈಸಿನ ಅನ್ನವು ಭದ್ರಾ ನಾಲೆಯ ನೀರನ್ನುಂಡು ಈ ಸೀಮೆಯಲ್ಲಿ ಬೆಳೆಯುವ ಭತ್ತದ್ದು. ಪರದೇಶದ ಹೆಸರಿನ ಈ ಆಹಾರದ ಮೈಯೆಲ್ಲ ನಮ್ಮ ಹೊಲಗದ್ದೆಗಳಿಂದಲೇ ಬಂದಿದೆ. ಅದನ್ನು ಪರಕೀಯವೆಂದು ಜರೆಯುವುದಾಗಲಿ, ಪರಕೀಯವೆಂಬ ಕಾರಣದಿಂದಲೇ ಬೆರಗಾಗಿ ನೋಡುವುದಾಗಲಿ ಎರಡೂ ಸಲ್ಲದು. ಚೆನ್ನಾಗಿ ಮಾಡಿದೆಯೇ ಇಲ್ಲವೇ ಎಂದು ಪರೀಕ್ಷಿಸುವುದೊಂದೇ ನ್ಯಾಯವಾದ ಮಾರ್ಗ.

ಚೆನ್ನಾಗಿ ಮಾಡುವ ಗಾಡಿಯವನ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡತಕ್ಕದ್ದು. ಹೂಕೋಸಿನ ಹೂಗಳನ್ನು ಬಿಡಿಸಿ, ಉಪ್ಪು ಅರಿಸಿನ ಹಾಕಿದ ಬಿಸಿನೀರಿನಲ್ಲಿ ಹುಳು ಹೋಗುವಂತೆ ಮುಳುಗಿಸಿ ತೆಗೆದು, ನೀರು ಪೂರ್ತಿಯಾಗಿ ಬಸಿಯುವ ತನಕ ಅವನು ಕಾಯುತ್ತಾನೆ. ನೀರು ಉಳಿದರೆ ಹಿಟ್ಟು ಜಾರುತ್ತದೆ, ಎಣ್ಣೆ ಸಿಡಿಯುತ್ತದೆ. ಮೈದಾ, ಕಾರ್ನ್‌ಫ್ಲೋರ್, ಶುಂಠಿ ಬೆಳ್ಳುಳ್ಳಿಯ ಅರೆಪು, ಖಾರದ ಪುಡಿ ಕಲಸಿದ ಹಿಟ್ಟು ಹೂವಿಗೆ ತೆಳುವಾಗಿ ಮಾತ್ರ ಅಂಟಿಕೊಂಡಿರಬೇಕು. ಒಮ್ಮೆ ಹದವಾಗಿ ಕರಿದು ತೆಗೆದಿಟ್ಟುದನ್ನು ಗಿರಾಕಿ ಬಂದಾಗ ಮತ್ತೊಮ್ಮೆ ಕಾದ ಎಣ್ಣೆಗೆ ಬಿಡುವುದು ಅವನ ಕಸುಬಿನ ಗುಟ್ಟು. ಗರಿಗರಿತನವೆಲ್ಲ ಈ ಎರಡನೆಯ ಕರಿತದಲ್ಲಿದೆ. ಆಮೇಲೆ ಉರಿಯ ನಾಲಗೆಗಳು ಅಂಚಿನ ಮೇಲಕ್ಕೆದ್ದು ಬರುವ ದೊಡ್ಡ ಒಲೆಯ ಮೇಲೆ ತೆಳುವಾದ ಕಬ್ಬಿಣದ ಬಾಣಲೆಯನ್ನಿಟ್ಟು, ಹೆಚ್ಚಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿಗಳನ್ನು ಕ್ಷಣಕಾಲ ಬಾಡಿಸಿ, ಸಾಸುಗಳನ್ನು ಸುರಿದು, ಕರಿದುದನ್ನು ಹಾಕಿ ಮೂರು ನಾಲ್ಕು ಸಲ ಎತ್ತಿ ಹಾರಿಸುವಷ್ಟರಲ್ಲಿ ಪ್ಲೇಟು ಸಿದ್ಧ. ಮೇಲೆ ಕೊತ್ತಂಬರಿ, ಬದಿಗೆ ಹಸಿ ಈರುಳ್ಳಿ, ಒಂದು ಹೋಳು ನಿಂಬೆಹಣ್ಣು. ಡ್ರೈ ಗೋಬಿಯನ್ನು ಅಲ್ಲಿಯೇ ನಿಂತು ತಿನ್ನಬೇಕು. ಮನೆಗೆ ಕಟ್ಟಿಸಿಕೊಂಡು ಹೋದರೆ ಹಬೆಗೆ ಮೆತ್ತಗಾಗುತ್ತದೆಯಾದುದರಿಂದ ಕಟ್ಟಿಸಿಕೊಳ್ಳುವವರು ಗ್ರೇವಿಯನ್ನೇ ಕೇಳುವುದು ಲೇಸು.

ಇನ್ನು ಬಣ್ಣದ ವಿಚಾರ. ಈ ಲೇಖನದ ಹೃದಯವೇ ಇದು. ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಲಾಗಿ ಅವುಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ವರ್ಣಗಳು ಅವುಗಳಲ್ಲಿ ಬೆರೆತಿದ್ದವು. ಕೆಲವು ಮಿಠಾಯಿ ಪಾನೀಯಗಳಲ್ಲಿ ಮಿತಪ್ರಮಾಣದಲ್ಲಿ ಸಮ್ಮತವಾದ ಈ ವರ್ಣಗಳಿಗೆ ಇಂತಹ ಬೇಯಿಸಿದ ತಿನಿಸಿನಲ್ಲಿ ಎಡೆಯಿಲ್ಲ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಕಬಾಬುಗಳಿಗೂ ನಿಷೇಧವು ವಿಸ್ತರಿಸಿತು. ತಪ್ಪಿತಸ್ಥರಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನೂ 10 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಆದರೆ ಜನರು ಸಾಮಾನ್ಯವಾಗಿ ಅಂಜುವುದು ಈ ಬಣ್ಣಕ್ಕಲ್ಲ, ಅಜಿನೊಮೊಟೊ ಎಂಬ ಬಿಳಿಯ ಹರಳಿಗೆ. 1908ರಲ್ಲಿ ಜಪಾನಿನ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ಸಮುದ್ರದ ಪಾಚಿಯ ಸಾರಿನಿಂದ ಬೇರ್ಪಡಿಸಿದ ಆ ರುಚಿದ್ರವ್ಯವು ಮಿತವಾದ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಕೆಡುಕೆಂದು ಸಿದ್ಧಪಟ್ಟಿಲ್ಲ. ಅಂಜಬೇಕಾದುದು ಕಣ್ಣಿಗೆ ರಾಚುವ ಆ ಕೆಂಪಿಗೆ.

ಗಾಡಿಯವರನ್ನು ಈ ಕುರಿತು ವಿಚಾರಿಸಿದರೆ “ಬಣ್ಣ ಇಲ್ದಿದ್ರೆ ಜನ ಮುಟ್ಟಲ್ಲ ಸಾರ್” ಎಂಬ ಉತ್ತರ ಬರುತ್ತದೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕೆಂಪಗಿರುವುದೇ ರುಚಿಯೆಂದು ಗಿರಾಕಿಗಳಾದ ನಾವೇ ಅವರಿಗೆ ಕಲಿಸಿದ್ದೇವೆ. ಆದರೆ ಕೃತಕವಾದ ಕೆಂಪನ್ನು ಡಬ್ಬಿಯಿಂದ ತರಬೇಕಾದ ದುರ್ಗತಿಯು ಭೂಮಂಡಲದಲ್ಲಿ ಯಾವ ಊರಿಗೆ ಬಂದರೂ ದಾವಣಗೆರೆಗೂ ಅದರ ನೆರೆಯ ಹರಿಹರಕ್ಕೂ ಬರಬಾರದು. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಸೀಮೆ; ಅದರಾಚೆಗೆ ಬ್ಯಾಡಗಿ. ಖಾರ ಕಡಿಮೆಯಾಗಿ ಬಣ್ಣ ಅಧಿಕವಾಗಿರುವುದಕ್ಕೇ ಲೋಕಪ್ರಸಿದ್ಧವಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಯು ಅಲ್ಲಿಯ ಮಾರುಕಟ್ಟೆಯಲ್ಲಿ ಕೆಂಪು ಬೆಟ್ಟಗಳಂತೆ ರಾಶಿ ಬೀಳುತ್ತದೆ. ಅದರಿಂದ ತೆಗೆದ ವರ್ಣಸಾರವನ್ನು ಆಹಾರದ ಉದ್ಯಮಗಳು ದೇಶವಿದೇಶಗಳಲ್ಲಿ ಕೊಳ್ಳುತ್ತವೆ. ಆ ಮೆಣಸಿನಕಾಯಿಯ ಬೀಜವನ್ನು ಉದುರಿಸಿ, ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು ಹಿಟ್ಟಿಗೆ ಕೂಡಿಸಿದರೆ ಗೋಬಿಯು ಇಟ್ಟಿಗೆಯ ಕೆಂಪಿಗೆ ಹತ್ತಿರವಾದ, ಸೌಮ್ಯವಾದ ವರ್ಣವನ್ನು ತಾಳುತ್ತದೆ. ಬೆರಳಿಗೆ ಅಂಟುವುದಿಲ್ಲ, ಕಾಗದದ ತಟ್ಟೆಗೆ ಹತ್ತುವುದಿಲ್ಲ, ನಾಲಗೆಯನ್ನು ಕೆಂಪಾಗಿಸುವುದಿಲ್ಲ. ಉತ್ತಮವಾದ ಗಾಡಿಯನ್ನು ಗುರುತಿಸಲು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಸುಲಭವಾದ ಲಕ್ಷಣ ಮತ್ತೊಂದಿಲ್ಲ.

ಹರಿಹರದ ಸ್ಥಿತಿ ಸ್ವಲ್ಪ ಭಿನ್ನ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, ಹೊಳೆಯ ಆಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯೂ ದೂರದೂರದ ಜನರನ್ನು ಆ ಊರಿಗೆ ತಂದವು. ಕಿರ್ಲೋಸ್ಕರ್ ಯಂತ್ರಗಳ ಸದ್ದು ನಿಂತು ವರ್ಷಗಳಾದುವಾದರೂ, ಪಾಳಿಯ ಕೆಲಸದಿಂದ ಮರಳುವವರ ಊರೆಂಬ ಸ್ವಭಾವವು ಅದರಲ್ಲಿ ಉಳಿದಿದೆ. ಅಲ್ಲಿ ಆಯ್ಕೆ ಕಡಿಮೆ. ಕುಟುಂಬಸಮೇತರಾಗಿ ಕುಳಿತು ನಾನಾ ಬಗೆಯ ಭಕ್ಷ್ಯಗಳನ್ನು ತರಿಸಿಕೊಳ್ಳಬೇಕೆನ್ನುವವರು ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಗೇ ಬರುವುದು ವಾಡಿಕೆ. ಸಂಜೆಯ ಪ್ಲೇಟು ನೂಡಲ್ಸಿಗೆ ಮಾತ್ರ ಅಷ್ಟು ದೂರದ ಪ್ರಯಾಣ ಬೇಕಿಲ್ಲ.

ಈಚಿನ ವರ್ಷಗಳಲ್ಲಿ ಬಂದ ಮೋಮೊ ನನಗೆ ವೈಯಕ್ತಿಕವಾಗಿ ಬಹಳ ಪ್ರಿಯವಾದುದು. ಕರಿಯದೆ ಹಬೆಯಲ್ಲಿ ಬೆಂದ, ನಮ್ಮ ಹೂರಣದ ಕಡುಬಿಗೆ ಸೋದರನಂತಿರುವ ಈ ತಿನಿಸು ಟಿಬೆಟ್ ಮತ್ತು ನೇಪಾಳಗಳದು; ಕೋಸು, ಗಜ್ಜರಿ, ಈರುಳ್ಳಿಗಳ ಹೂರಣವಿರುವುದನ್ನು ಮಕ್ಕಳಿಗೆ ನಿಶ್ಚಿಂತೆಯಿಂದ ಕೊಡಬಹುದು. ಟಿಬೆಟಿನ ನಿರಾಶ್ರಿತರು ನಮ್ಮ ನಾಡಿನಲ್ಲಿ ನೆಲೆಸಿದ ಚರಿತ್ರೆಯು ಈ ಸೀಮೆಯ ಹಿರಿಯರೊಬ್ಬರನ್ನು ನೆನಪಿಗೆ ತರುತ್ತದೆ. ಮುಂಡಗೋಡಿನ ವಸತಿಯು 1966ರಲ್ಲಿ ಸ್ಥಾಪಿತವಾದಾಗ ಮುಖ್ಯಮಂತ್ರಿಗಳಾಗಿದ್ದವರು ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರು; ಅವರು ತೋರಿದ ಔದಾರ್ಯವನ್ನು ದಲೈ ಲಾಮಾ ಅವರು ಅನೇಕ ಸಲ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ನಿಜಲಿಂಗಪ್ಪನವರ ಹೆಸರನ್ನೇ ಹೊತ್ತ ದಾವಣಗೆರೆಯ ಬಡಾವಣೆಯಲ್ಲಿ ಸಂಜೆ ಅಡ್ಡಾಡುವ ತರುಣರಿಗೆ ಈ ಸಂಗತಿ ತಿಳಿದಿರುವುದು ಒಳ್ಳೆಯದು. ಮೋಮೊ ನಮ್ಮ ಬೀದಿಗೆ ಬಂದುದರ ಹಿಂದೆ ದೇಶ ಕಳೆದುಕೊಂಡವರಿಗೆ ನೆಲ ಕೊಟ್ಟವರ ಕಥೆಯೂ ಇದೆ.

ಪಶ್ಚಿಮ ಏಷ್ಯದ ಷವರ್ಮಾ ಎಂಬ ಮಾಂಸದ ತಿನಿಸಿನ ಕುರಿತು ಎರಡೇ ಮಾತು. ಗಿರಾಕಿಗಳ ಸಂದಣಿಯಿದ್ದು, ಮಾಂಸವು ಅಂದಂದೇ ಮುಗಿದುಹೋಗುವ ಅಂಗಡಿಯಲ್ಲಿ ಮಾತ್ರ ಷವರ್ಮಾ ತಿನ್ನಬೇಕು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ಮೃತಳಾದುದನ್ನು ಮರೆಯಲಾಗದು. ಇನ್ನು ಎಲ್ಲ ಗಾಡಿಗಳಿಗೂ ಸಲ್ಲುವ ಕೆಲವು ಎಚ್ಚರಿಕೆಗಳು. ಶಾಕಾಹಾರಿಗಳು ಎಗ್ ರೈಸಿನ ಬಾಣಲೆಯೂ ಗೋಬಿಯ ಬಾಣಲೆಯೂ ಬೇರೆಬೇರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ವಿಚಾರಿಸಿದರೆ ಯಾರೂ ಬೇಸರಪಡುವುದಿಲ್ಲ. ಎಣ್ಣೆಯು ಕಪ್ಪಾಗಿ ನೊರೆಯೇಳುತ್ತಿದ್ದರೆ ಮುಂದಿನ ಗಾಡಿಗೆ ನಡೆಯಬೇಕು. ಹದಿನಾಲ್ಕು ಅಂಕಿಗಳ ಆಹಾರ ಸುರಕ್ಷತಾ ನೋಂದಣಿಯ ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡವನ ಮೇಲೆ ಸ್ವಲ್ಪ ಹೆಚ್ಚಿನ ವಿಶ್ವಾಸವಿಡಬಹುದು.

ಬಿಸಿಲು ಮಳೆಯೆನ್ನದೆ ಉರಿಯ ಮುಂದೆ ನಿಂತು ದುಡಿಯುವ ಗಾಡಿಯವನು ಗಿರಾಕಿಯ ಮಾತಿಗೆ ಮಣಿಯುವಷ್ಟು ಬೇಗ ಸರ್ಕಾರದ ಆಜ್ಞೆಗೆ ಮಣಿಯಲಾರನು. ಆದುದರಿಂದ ದಾವಣಗೆರೆ ಹರಿಹರಗಳ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮುಂದಿನ ಸಲ ನಿಮ್ಮ ಬಡಾವಣೆಯ ತಿರುವಿನಲ್ಲಿ ಮಕ್ಕಳೊಡನೆ ನಿಂತಾಗ “ಬಣ್ಣ ಹಾಕಬೇಡಪ್ಪ, ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕು, ಐದು ರೂಪಾಯಿ ಜಾಸ್ತಿ ಆದರೂ ಕೊಡುತ್ತೇವೆ” ಎಂದು ಬಾಯಿಬಿಟ್ಟು ಹೇಳಿ, ಹಾಗೆ ಮಾಡಿಕೊಟ್ಟವನ ಗಾಡಿಗೇ ಮರುದಿನವೂ ಹೋಗಿ.